ಬರೋ ವರ್ಷದ ರಾಯರು

ಸೋಲುವ ತಂಡಕ್ಕೆ ಜೀವ ತೇಯುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಬೆಂಗಳೂರಿನಲ್ಲಿ ಆರ್‌ಸಿಬಿಗಾಗಿ 17 ವರ್ಷ ಕಾದು, 'ಈ ಸಲ ಕಪ್ ನಮ್ದೇ' ಎಂದು ಕೂಗಿ ಗಂಟಲು ಹರಿದುಕೊಂಡವರನ್ನು ಕಂಡವರಿಗೆ ಈ ಕುಲದ ಪರಿಚಯ ಮಾಡಿಕೊಡಬೇಕಿಲ್ಲ. ಆದರೆ ಇದರ ಶುದ್ಧ ತಳಿಯನ್ನು ನೋಡಬೇಕೆಂದರೆ ಅಮೆರಿಕದ ಪಿಟ್ಸ್‌ಬರ್ಗ್‌ಗೇ ಬರಬೇಕು. ಇಲ್ಲಿ ಪೈರೇಟ್ಸ್ ಎಂಬ ಬೇಸ್‌ಬಾಲ್ ತಂಡವಿದೆ. ಆ ತಂಡಕ್ಕೆ ನಮ್ಮ ರಾಯರಿದ್ದಾರೆ.

ರಾಯರು ಹಾಸನದ ಕಡೆಯವರು. ಲೋಹಶಾಸ್ತ್ರ ಓದಲೆಂದು ಉಕ್ಕಿನ ಊರಿಗೆ ಬಂದಿಳಿದದ್ದು 1992ರ ಆಗಸ್ಟ್‌ನಲ್ಲಿ. ಅಕ್ಟೋಬರ್ 14ರ ರಾತ್ರಿ ರೂಮಿನ ಹುಡುಗರು ಅವರನ್ನು ಎಳೆದುಕೊಂಡು ಹೋಗಿ ಟಿ.ವಿ. ಮುಂದೆ ಕೂರಿಸಿದರು. ಅಟ್ಲಾಂಟಾದಲ್ಲಿ ನಿರ್ಣಾಯಕ ಪಂದ್ಯ. ಗೆದ್ದವರು ಬೇಸ್‌ಬಾಲಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ಗೆ. ಒಂಬತ್ತನೆಯ ಇನ್ನಿಂಗ್ಸ್ ಶುರುವಾಗುವಾಗ ಪೈರೇಟ್ಸ್ 2-0 ಮುಂದಿದ್ದರು. ಒಬ್ಬನನ್ನು ಔಟ್ ಮಾಡಿದರೆ ಮುಗಿಯಿತು ಎನ್ನುವಷ್ಟರಲ್ಲಿ ಚೆಂಡು ಎಡಗಡೆಗೆ ಹೋಯಿತು; ಬ್ಯಾರಿ ಬಾಂಡ್ಸ್ ಎತ್ತಿ ಎಸೆದ; ಮಂಡಿನೋವಿನ ಸಿಡ್ ಬ್ರೀಮ್, ಹಿಂದೆ ಇದೇ ಪೈರೇಟ್ಸ್‌ನ ಉಪ್ಪು ತಿಂದವನು, ಕುಂಟುತ್ತ ಬಂದು ಜಾರಿ ಹೋಮ್ ಪ್ಲೇಟ್ ಮುಟ್ಟಿಬಿಟ್ಟ. 3-2. ರಾಯರಿಗೆ ಆಗ ಆಟದ ಒಂದು ನಿಯಮವೂ ಗೊತ್ತಿರಲಿಲ್ಲ. ಆದರೂ ಕಣ್ಣಲ್ಲಿ ನೀರು ಬಂತಂತೆ.

ಬಾಂಡ್ಸ್ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟುಹೋದ. ರಾಯರು ಉಳಿದರು. 1993ರಿಂದ 2012ರವರೆಗೆ, ಸತತ 20 ವರ್ಷ, ಪೈರೇಟ್ಸ್ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಆಟಗಳಲ್ಲೆಲ್ಲ ಇಷ್ಟು ಉದ್ದದ ಸೋಲಿನ ಸಾಲು ಬೇರೆ ಯಾವ ತಂಡಕ್ಕೂ ದಕ್ಕಿಲ್ಲ. "ಮದುವೆಯಾದಾಗ ನಮ್ಮತ್ತೆ ನನ್ನ ಕಾಲ್ಗುಣ ನೋಡಿದರು," ಎನ್ನುತ್ತಾರೆ ರಾಯರ ಪತ್ನಿ. "ಮಗನದ್ದು ನೋಡೋರು ಯಾರೂ ಇರಲಿಲ್ಲ."

ರಾಯರನ್ನು ಗುರುತಿಸುವುದು ಕಷ್ಟವಲ್ಲ. ಮನೆಯ ಮುಂದೆ ಮಾವಿನ ತೋರಣ, ಅದರ ಪಕ್ಕಕ್ಕೆ ಒಂದು ಧ್ವಜಸ್ತಂಭ. ಪೈರೇಟ್ಸ್ ಗೆದ್ದ ದಿನ ಅಲ್ಲಿ ತಲೆಬುರುಡೆಯ ಕರೀ ಬಾವುಟ ಏರುತ್ತದೆ. ಇಲ್ಲಿನ ಅಭಿಮಾನಿಗಳ ಪದ್ಧತಿ ಅದು. ಕೊಂಡು ಎಷ್ಟೋ ವರ್ಷವಾದರೂ ಆ ಬಟ್ಟೆಯ ಬಣ್ಣ ಮಾಸಿಲ್ಲ. ಹಾಸನದಿಂದ ಬಂದಿದ್ದ ತಾಯಿ ಮೊದಲ ದಿನ ಅದನ್ನು ಕಂಡು ಬೆಚ್ಚಿಬಿದ್ದರು. "ಇದೇನೋ ಮಗನೇ, ಮನೆ ಬಾಗಿಲಲ್ಲಿ ಬುರುಡೆ?" ರಾಯರು ತಂಡದ ಇತಿಹಾಸವನ್ನೆಲ್ಲ ಬಿಡಿಸಿ ಹೇಳಿದರು. ಕೇಳಿದ ಆ ತಾಯಿ, "ಓ, ದೃಷ್ಟಿಗೊಂಬೆ ಅನ್ನು ಮತ್ತೆ" ಎಂದು ನಿಟ್ಟುಸಿರು ಬಿಟ್ಟು ಒಳಗೆ ಹೋದರು.

ರಾಯರ ಬಾಯಲ್ಲಿ ಸದಾ ಇರುವ ಮಾತು ಒಂದೇ: "ಬರೋ ವರ್ಷ ನೋಡಿ." ಮಾರ್ಚ್ ಕೊನೆಗೆ ಋತು ಶುರುವಾಗುವಾಗ "ಈ ವರ್ಷ" ಎನ್ನುತ್ತಾರೆ. ಮೇ ಕಳೆಯುವ ಹೊತ್ತಿಗೆ ಅದು "ಬರೋ ವರ್ಷ"ಕ್ಕೆ ತಿರುಗಿರುತ್ತದೆ. ವರ್ಷಕ್ಕೆ 162 ಪಂದ್ಯ. ಉಳಿದ ನೂರು ಚಿಲ್ಲರೆ ಪಂದ್ಯಗಳನ್ನು ಅವರು ಬರೋ ವರ್ಷದ ತಯಾರಿಯೆಂದೇ ನೋಡುತ್ತಾರೆ. ನೋಡುವ ಜಾಗವೇನೋ ಸೊಗಸಾಗಿದೆ ಬಿಡಿ. 2001ರಲ್ಲಿ ಬಾಗಿಲು ತೆರೆದ ಪಿಎನ್‌ಸಿ ಪಾರ್ಕ್, ಪಕ್ಕದಲ್ಲೇ ಅಲೆಘೆನಿ ನದಿ, ಮೇಲೆ ಹಳದಿ ಬಣ್ಣದ ಕ್ಲೆಮೆಂಟೆ ಸೇತುವೆ, ಆಚೆ ದಡದಲ್ಲಿ ಊರಿನ ಎತ್ತರದ ಕಟ್ಟಡಗಳು. ಇಂಥ ಮೈದಾನ ಅಮೆರಿಕದಲ್ಲೇ ಕಡಿಮೆ. ಆಟದ ಮಧ್ಯೆ ಪಿಯರೋಗಿ ಎಂಬ ಕಡುಬಿನ ವೇಷ ತೊಟ್ಟವರ ಓಟದ ಪಂದ್ಯವಿರುತ್ತದೆ. ಇಡೀ ಸಂಜೆಯಲ್ಲಿ ಪಿಟ್ಸ್‌ಬರ್ಗ್‌ನವರು ಖಂಡಿತ ಗೆಲ್ಲುವ ಸ್ಪರ್ಧೆ ಅದೊಂದೇ ಎಂದು ರಾಯರ ಪತ್ನಿಯ ಟಿಪ್ಪಣಿ.

ಪ್ರೇಕ್ಷಕರನ್ನು ಸೆಳೆಯಲು ಕೆಲವು ದಿನ ಆಟಗಾರರ ತಲೆಯಾಡಿಸುವ ಗೊಂಬೆಗಳನ್ನು ಹಂಚುವುದುಂಟು. ರಾಯರು ಒಂದನ್ನೂ ಬಿಟ್ಟವರಲ್ಲ. ಅವೆಲ್ಲ ದಸರೆಯ ಬೊಂಬೆ ಮೆಟ್ಟಿಲಲ್ಲಿ, ಪಟ್ಟದ ಬೊಂಬೆಗಳಿಗೆ ಎರಡು ಮೆಟ್ಟಿಲು ಕೆಳಗೆ, ಚನ್ನಪಟ್ಟಣದ ಸೈನಿಕರ ಪಕ್ಕದಲ್ಲಿ ನಿಂತು ತಲೆ ಆಡಿಸುತ್ತವೆ. ಬೇಸ್‌ಬಾಲಿನ ಅಂತಿಮ ಸುತ್ತುಗಳು ನಡೆಯುವುದೂ ದಸರೆಯ ಆಸುಪಾಸಿನಲ್ಲೇ. "ಅಕ್ಟೋಬರ್‌ನಲ್ಲಿ ಪೈರೇಟ್ಸ್ ಆಡೋದು ನಮ್ಮ ಮನೇಲಿ ಮಾತ್ರ," ಎಂದು ರಾಯರ ಪತ್ನಿ ಅರಿಶಿನ ಕುಂಕುಮಕ್ಕೆ ಬಂದವರಿಗೆ ಪರಿಚಯಿಸುತ್ತಾರೆ.

ಆದರೆ ಅಕ್ಟೋಬರ್ 13 ಮಾತ್ರ ರಾಯರ ದಿನ. 1960ರಲ್ಲಿ ಅಂದು, ವರ್ಲ್ಡ್ ಸೀರೀಸ್‌ನ ಕೊನೆಯ ಪಂದ್ಯದಲ್ಲಿ, ಪೈರೇಟ್ಸ್‌ನ ಬಿಲ್ ಮಜರಾಸ್ಕಿ ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ ಹೋಮ್ ರನ್ ಹೊಡೆದು ಬಲಾಢ್ಯ ಯಾಂಕೀಸ್ ತಂಡವನ್ನು 10-9ರಿಂದ ಕೆಡವಿದ್ದ. ಆಟ ನಡೆದ ಫೋರ್ಬ್ಸ್ ಫೀಲ್ಡ್ ಈಗಿಲ್ಲ. ಪಿಟ್ಸ್‌ಬರ್ಗ್‌ನದೇ ಓಕ್‌ಲ್ಯಾಂಡ್ ಬಡಾವಣೆಯ ವಿಶ್ವವಿದ್ಯಾಲಯದ ಆವರಣದಲ್ಲಿ ಅದರ ಗೋಡೆಯ ತುಂಡೊಂದು ಉಳಿದಿದೆ. ಪ್ರತಿ ವರ್ಷ ಅಲ್ಲಿ ಹಳಬರು ಮಡಚುವ ಕುರ್ಚಿ ಹಾಕಿಕೊಂಡು ಕೂತು ಅಂದಿನ ರೇಡಿಯೋ ವೀಕ್ಷಕ ವಿವರಣೆಯ ಧ್ವನಿಮುದ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತಾರೆ. ಪುಳಿಯೋಗರೆ ಡಬ್ಬಿಯೊಂದಿಗೆ ರಾಯರೂ ಅವರ ನಡುವೆ. ಕೀಚಕ ಸಾಯುತ್ತಾನೆಂದು ಗೊತ್ತಿದ್ದೂ ಬೆಳಗಾಗುವವರೆಗೆ ಯಕ್ಷಗಾನಕ್ಕೆ ಕೂರುವವರಿಲ್ಲವೇ, ಹಾಗೆ. ಎಂಟನೆಯ ಇನ್ನಿಂಗ್ಸ್ ಬಂದರೆ ರಾಯರ ಕೈ ಈಗಲೂ ನಡುಗುತ್ತದೆ. ಆ ಹಳೆಯ ಹೋಮ್ ಪ್ಲೇಟನ್ನು ಹತ್ತಿರದ ಕಟ್ಟಡವೊಂದರ ನೆಲದಲ್ಲಿ ಗಾಜಿನಡಿ ಇಟ್ಟಿದ್ದಾರೆ. ವಿದ್ಯಾರ್ಥಿಗಳು ಬೂಟುಗಾಲಿನಲ್ಲಿ ಅದರ ಮೇಲೇ ನಡೆದುಹೋಗುತ್ತಾರೆ. ರಾಯರು ಮಾತ್ರ ಬಳಸಿಕೊಂಡು ಹೋಗುತ್ತಾರೆ.

ಇಂಥವರಿಗೆ ಗೆಲುವು ಬಂದರೆ ಏನಾಗುತ್ತದೆ? ಬಂದಿತ್ತು. 2013ರಲ್ಲಿ ಪೈರೇಟ್ಸ್ 94 ಪಂದ್ಯ ಗೆದ್ದರು. ಊರೆಲ್ಲ ಕರೀ ಅಂಗಿ. ಸಿನ್ಸಿನಾಟಿಯ ವಿರುದ್ಧದ ಪಂದ್ಯದಲ್ಲಿ ಎದುರಾಳಿ ಪಿಚರ್ ಕ್ವೇಟೊನ ಹೆಸರನ್ನು ಇಡೀ ಮೈದಾನ ರಾಗವಾಗಿ ಎಳೆದದ್ದಕ್ಕೆ ಅವನ ಕೈಯಿಂದ ಚೆಂಡೇ ಜಾರಿ ಬಿತ್ತು. ಮುಂದಿನ ಎಸೆತವೇ ಹೋಮ್ ರನ್. ರಾಯರಿಗೆ ಸಂತೋಷವಾಗಬೇಕಿತ್ತು. ಆದದ್ದು ಕಸಿವಿಸಿ. "ಇವರೆಲ್ಲ ಇಷ್ಟು ದಿನ ಎಲ್ಲಿದ್ರು ಕಣ್ರೀ?" ಎಂದು ಹೊಸ ಅಂಗಿ ತೊಟ್ಟವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅದೃಷ್ಟಕ್ಕೆ ಈ ಸಂಕಟ ಬಹಳ ಕಾಲ ನಿಲ್ಲಲಿಲ್ಲ. 2015ರಲ್ಲಿ 98 ಪಂದ್ಯ ಗೆದ್ದೂ, ಒಂದೇ ಪಂದ್ಯದ ವೈಲ್ಡ್ ಕಾರ್ಡ್ ಸುತ್ತಿನಲ್ಲಿ ಸೋತು ಹೊರಬಿದ್ದರು. ಆ ಸೋಲನ್ನು ರಾಯರು ಇವತ್ತಿಗೂ ಚಪ್ಪರಿಸಿಕೊಂಡು ವರ್ಣಿಸುತ್ತಾರೆ. ಸೋಲಿನಲ್ಲೂ ಅವರಿಗೆ ದರ್ಜೆಗಳಿವೆ.

2025 ಅವರ ಪಾಲಿಗೆ ವಿಚಿತ್ರ ವರ್ಷ. ಜೂನ್ 3ರಂದು ಆರ್‌ಸಿಬಿ ಕಪ್ ಗೆದ್ದುಬಿಟ್ಟಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತ ಸುದ್ದಿ ಬಂದ ಮೇಲೆ ಅವರು ಆ ಕಪ್ಪಿನ ಮಾತೇ ಎತ್ತಲಿಲ್ಲ. ಮತ್ತೆ ಪೈರೇಟ್ಸ್‌ನ ಕಡೆ ಹೊರಳಿದರು. ಅಲ್ಲಿ ಪಾಲ್ ಸ್ಕೀನ್ಸ್ ಎಂಬ ಹುಡುಗ ಪಿಚರ್ ಇದ್ದಾನೆ. ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ 1.97 ರನ್ ಮಾತ್ರ ಬಿಟ್ಟುಕೊಟ್ಟು ಆ ವರ್ಷ ತನ್ನ ಲೀಗಿನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದ. ಅವನ ಲೆಕ್ಕದಲ್ಲಿ ಗೆಲುವು 10, ಸೋಲೂ 10. ಅವನು ಎರಡು ರನ್ ಕೊಡುವುದಿಲ್ಲ, ನಮ್ಮವರು ಎರಡು ರನ್ ಹೊಡೆಯುವುದಿಲ್ಲ. ತಂಡ 71 ಗೆದ್ದು 91 ಸೋತಿತು. ಪ್ರಪಂಚದಲ್ಲಿ ಪೈರೇಟ್ಸ್‌ಗೆ ಮಾತ್ರ ಸಾಧ್ಯವಾಗುವ ಸಾಧನೆಯೆಂದು ರಾಯರು ಆ 10-10ನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದಾರೆ.

ತಂಡ ಸೋಲುವುದು ರಾಯರ ಚಿಂತೆಯಲ್ಲ. ಅದಕ್ಕೆ ಒಗ್ಗಿಹೋಗಿದ್ದಾರೆ. ಈ ಸೋಲನ್ನು ಯಾರ ಕೈಗೆ ಒಪ್ಪಿಸಿ ಹೋಗುವುದು ಎಂಬುದೇ ಚಿಂತೆ.

ಮಗನಿಗೆ ಒಪ್ಪಿಸಲು ನೋಡಿದರು. ಆರು ವರ್ಷಕ್ಕೇ ಲಿಟಲ್ ಲೀಗ್‌ಗೆ ಸೇರಿಸಿದರು. 1939ರಲ್ಲಿ ಇದೇ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಹುಟ್ಟಿದ ಸಂಸ್ಥೆ ಅದು. ಮಕ್ಕಳ ವರ್ಲ್ಡ್ ಸೀರೀಸ್ ಈಗಲೂ ಪ್ರತಿ ಆಗಸ್ಟ್‌ನಲ್ಲಿ ಅಲ್ಲೇ ಪಕ್ಕದಲ್ಲಿ ನಡೆಯುತ್ತದೆ. ಹುಡುಗನನ್ನು ಬಲಗಡೆಯ ಔಟ್‌ಫೀಲ್ಡ್‌ಗೆ ಹಾಕಿದರು. ಆ ವಯಸ್ಸಿನವರ ಆಟದಲ್ಲಿ ಅಲ್ಲಿಗೆ ಚೆಂಡು ಬರುವುದು ಹುಣ್ಣಿಮೆಗೋ ಅಮಾವಾಸ್ಯೆಗೋ. ಅವನು ಹುಲ್ಲಿನಲ್ಲಿ ಕೂತು ಹಳದಿ ಹೂ ಕಿತ್ತ. ಚೆಂಡು ಬಂದ ದಿನವೂ ಹೂ ಕೀಳುತ್ತಿದ್ದ. ಮುಂದಿನ ವರ್ಷ, ಸದಾ ಓಡುತ್ತಲೇ ಇರಬಹುದಾದ ಸಾಕರ್‌ಗೆ ಹೋದ. ಬೆಳೆದು ಲಾಸ್ ಏಂಜಲಿಸ್‌ನಲ್ಲಿ ಕೆಲಸಕ್ಕೆ ಸೇರಿದ. 2024ರಲ್ಲಿ, ಮತ್ತೆ 2025ರಲ್ಲಿ, ನೀಲಿ ಟೋಪಿ ಹಾಕಿಕೊಂಡು ವಿಡಿಯೋ ಕರೆ ಮಾಡಿದ.

"ಅಪ್ಪಾ, ನಾವು ಗೆದ್ವಿ!"

"ನಾವು ಅಂದ್ರೆ ಯಾರಪ್ಪಾ?"

"ಡಾಡ್ಜರ್ಸ್!"

ರಾಯರು ಫೋನನ್ನು ಮೆಲ್ಲಗೆ ಹೆಂಡತಿಯ ಕೈಗಿತ್ತರು. ಡಾಡ್ಜರ್ಸ್ ಎಂದರೆ ಓಟಾನಿ ಎಂಬ ಒಬ್ಬನಿಗೇ 10 ವರ್ಷಕ್ಕೆ 70 ಕೋಟಿ ಡಾಲರ್ ಬರೆದುಕೊಟ್ಟ ತಂಡ. ಪೈರೇಟ್ಸ್ 2023ರಲ್ಲಿ ಬ್ರಯನ್ ರೆನಾಲ್ಡ್ಸ್‌ಗೆ 8 ವರ್ಷಕ್ಕೆ ಸುಮಾರು 10.7 ಕೋಟಿ ಡಾಲರ್ ಕೊಟ್ಟಾಗ ಅದು ಅವರ ಚರಿತ್ರೆಯಲ್ಲೇ ದೊಡ್ಡ ಒಪ್ಪಂದವಾಗಿತ್ತು. ಬೇಸ್‌ಬಾಲಿನಲ್ಲಿ ತಂಡಗಳ ಸಂಬಳಕ್ಕೆ ಗಟ್ಟಿಯಾದ ಮೇಲ್ಮಿತಿಯಿಲ್ಲ, ಇದ್ದವರು ಸುರಿಯುತ್ತಾರೆ. ಮಗ ಬೇರೆ ಜಾತಿಯಲ್ಲಿ ಮದುವೆಯಾದಾಗ ಮುಂದೆ ನಿಂತು ಅಕ್ಷತೆ ಹಾಕಿದ ರಾಯರು ಈ ನೀಲಿ ಟೋಪಿಯನ್ನು ಇನ್ನೂ ಕ್ಷಮಿಸಿಲ್ಲ.

ಭಾರತದಿಂದಲೇ ವಾರಸುದಾರರು ಬರುತ್ತಾರೆಂದು ನಂಬಿದ ಕಾಲವೂ ಇತ್ತು. 2008ರಲ್ಲಿ ಪೈರೇಟ್ಸ್ ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬಿಬ್ಬರನ್ನು ಒಪ್ಪಂದ ಮಾಡಿಕೊಂಡಿತು. ಈಟಿ ಎಸೆಯುತ್ತಿದ್ದ ಹುಡುಗರು, ಟಿ.ವಿ. ಸ್ಪರ್ಧೆಯೊಂದಕ್ಕೆ ಮುಂಚೆ ಬೇಸ್‌ಬಾಲ್ ಮುಟ್ಟಿದವರಲ್ಲ. ಪೆನ್ ಹಿಲ್ಸ್ ಗುಡ್ಡದ ವೆಂಕಟೇಶ್ವರನಿಗೆ ರಾಯರು ಅವರ ಹೆಸರಲ್ಲಿ ಅರ್ಚನೆ ಮಾಡಿಸಿದರು. ಗೋತ್ರ ಕೇಳಿದ ಅರ್ಚಕರಿಗೆ "ಲೆಫ್ಟ್ ಹ್ಯಾಂಡ್, ರೈಟ್ ಹ್ಯಾಂಡ್" ಎಂದರಂತೆ. ಇಬ್ಬರೂ ಮೇಜರ್ ಲೀಗ್ ಮುಟ್ಟಲಿಲ್ಲ. ಅವರ ಮೇಲೆ ಹಾಲಿವುಡ್ ಸಿನಿಮಾ ಬಂತು, ರಿಂಕು ಕುಸ್ತಿಯ ಡಬ್ಲ್ಯುಡಬ್ಲ್ಯುಇಗೆ ಹೋದ. "ನೋಡಿ, ನಮ್ಮಲ್ಲಿಂದ ಹೋದವರು ಎಲ್ಲಾದ್ರೂ ಉದ್ಧಾರ ಆಗ್ತಾರೆ," ಎಂದರು ರಾಯರು. ಅದರಲ್ಲಿ ಹೆಮ್ಮೆಯೂ ಇತ್ತು.

ಈಗ ಅವರು ಬಡಾವಣೆಯ ಮಕ್ಕಳ ಲೀಗಿನ ಸ್ಕೋರರ್. ಪೆನ್ಸಿಲ್ ಕಿವಿಗೆ, ರಬ್ಬರ್ ಜೇಬಿಗೆ. ಒಂದು ಕಾಲಕ್ಕೆ ಐಸ್‌ಕ್ರೀಮ್ ಅಂಗಡಿಯವರದ್ದೊಂದು, ಹಾರ್ಡ್‌ವೇರ್ ಅಂಗಡಿಯವರದ್ದೊಂದು, ಹಲ್ಲಿನ ಡಾಕ್ಟರದ್ದೊಂದು ಎಂದು ಬೀದಿಗೊಂದು ತಂಡವಿದ್ದ ಜಾಗದಲ್ಲಿ ಈಗ ಪಕ್ಕದ ಊರಿನ ಮಕ್ಕಳನ್ನು ಸಾಲ ತಂದರೆ ಒಂಬತ್ತು ಜನ ಆಗುತ್ತಾರೆ. ದೇಶದಲ್ಲೆಲ್ಲ ಇದೇ ಕಥೆ: 1990ರ ದಶಕದಲ್ಲಿ ತುದಿ ಮುಟ್ಟಿದ ಲಿಟಲ್ ಲೀಗ್ ಮಕ್ಕಳ ಸಂಖ್ಯೆ ಆಮೇಲೆ ಇಳಿಯುತ್ತ ಬಂತು. ಕಾರಣ ಕೇಳಿದರೆ ರಾಯರು ಲಕೋಟೆಯ ಹಿಂಬದಿಯಲ್ಲಿ ಲೆಕ್ಕ ಹಾಕುತ್ತಾರೆ. ಚೆನ್ನಾಗಿ ಆಡುವ ಮಗು ಊರಿನ ಮೈದಾನದಲ್ಲಿ ನಿಲ್ಲುವುದಿಲ್ಲ. ಊರೂರು ಸುತ್ತುವ 'ಟ್ರಾವೆಲ್' ತಂಡಕ್ಕೆ ಹೋಗುತ್ತದೆ. ಅದಕ್ಕೆ ಶುಲ್ಕ, ಶನಿವಾರ ಭಾನುವಾರ ಹೋಟೆಲ್, ಖಾಸಗಿ ತರಬೇತಿ, 300-400 ಡಾಲರಿನ ಬ್ಯಾಟು. ಉಳಿದ ಮಕ್ಕಳಿಗೆ ತಾವು ಉಳಿಕೆ ಎಂದು ತಿಳಿಯಲು ತಡವಾಗುವುದಿಲ್ಲ. ಬಡವರ ಮಕ್ಕಳು ಹೀಗೆ ಆಟದಿಂದ ಹೊರಗೆ ಬೀಳುತ್ತಿರುವುದನ್ನು 2015ರಲ್ಲಿ ಪೈರೇಟ್ಸ್‌ನ ಆಂಡ್ರೂ ಮಕಚನ್ ತನ್ನದೇ ಬಾಲ್ಯ ನೆನೆದು ಬರೆದಿದ್ದ. ರಾಯರು ಅದರ ಪ್ರತಿ ತೆಗೆಸಿ ಹಂಚಿದ್ದರು. ಆಟ ನಿಧಾನ ಎಂಬ ದೂರಿಗೆ ದೊಡ್ಡವರ ಲೀಗಿನಲ್ಲಿ 2023ರಿಂದ ಪಿಚರ್‌ಗೆ ಗಡಿಯಾರ ಇಟ್ಟು ಪಂದ್ಯವನ್ನು ಸುಮಾರು 24 ನಿಮಿಷ ಮೊಟಕು ಮಾಡಿದರು. ಪಾಪ, ಮಕ್ಕಳು ಕಾಯುತ್ತಿದ್ದುದು 24 ನಿಮಿಷಕ್ಕಲ್ಲ.

ಯುಗಾದಿಯ ಹೊತ್ತಿಗೇ ಲೀಗಿನ ನೋಂದಣಿ. ಹಾಗಾಗಿ ಕನ್ನಡ ಕೂಟದ ಯುಗಾದಿ ಸಮಾರಂಭದಲ್ಲಿ ಬೇವುಬೆಲ್ಲದ ಮೇಜಿನ ಪಕ್ಕ ರಾಯರು ಅರ್ಜಿಗಳ ಕಟ್ಟು ಹಿಡಿದು ನಿಲ್ಲುತ್ತಾರೆ. ಬೇವು ತಿಂದವರು ಸಹ ಅರ್ಜಿ ಕಂಡೊಡನೆ ಮುಖ ಕಹಿ ಮಾಡುತ್ತಾರೆ. ಒಬ್ಬರ ಮಗಳಿಗೆ ಸ್ಪೆಲ್ಲಿಂಗ್ ಬೀ, ಇನ್ನೊಬ್ಬರ ಮಗನಿಗೆ ಕುಮಾನ್ ಪಾಠ, ಮೂರನೆಯವರದ್ದು ಮೃದಂಗ. "ಕಾಲೇಜ್ ಅಪ್ಲಿಕೇಶನ್‌ಗೆ ಉಪಯೋಗ ಆಗುತ್ತಾ ಅಂಕಲ್?" ಎಂದು ಒಬ್ಬ ತಂದೆ ಕೇಳಿದ. ಅವನ ಮಗು ಇನ್ನೂ ಬಾಟಲಿಯಲ್ಲಿ ಹಾಲು ಕುಡಿಯುತ್ತಿತ್ತು. "ಈ ಆಟದಲ್ಲಿ ಹತ್ತಕ್ಕೆ ಏಳು ಸಲ ವಿಫಲವಾದವನನ್ನ ಮಹಾನ್ ಬ್ಯಾಟ್ಸ್‌ಮನ್ ಅಂತಾರೆ. ಮಕ್ಕಳಿಗೆ ಇದಕ್ಕಿಂತ ಒಳ್ಳೇ ಪಾಠ ಬೇಕೇನ್ರೀ?" ಎಂದರು ರಾಯರು. ನೂರಕ್ಕೆ ಮೂವತ್ತು ಅಂಕವೆಂದು ಮನಸ್ಸಿನಲ್ಲೇ ಗುಣಿಸಿದ ಆ ತಂದೆ ಮಗುವನ್ನು ಎತ್ತಿಕೊಂಡು ಪಕ್ಕಕ್ಕೆ ಸರಿದ.

ಕಡೆಗೆ ಸಂಕಟ ಬಂದದ್ದು ತವರಿನ ಕಡೆಯಿಂದಲೇ. ಖಾಲಿ ಬೀಳುತ್ತಿರುವ ಬೇಸ್‌ಬಾಲ್ ಮೈದಾನವನ್ನು ಭಾನುವಾರಗಳಂದು ಮಕ್ಕಳ ಕ್ರಿಕೆಟ್‌ಗೆ ಕೊಡಿ ಎಂದು ನಮ್ಮವರೇ ಕೆಲವರು ಪುರಸಭೆಗೆ ಅರ್ಜಿ ಹಾಕಿದರು. ಸಭೆಯಲ್ಲಿ ರಾಯರು ಎದ್ದುನಿಂತರು. ಹಾಸನದ ಬೀದಿಗಳಲ್ಲಿ ಟೆನಿಸ್ ಬಾಲಿನಿಂದ ಎಷ್ಟೋ ಮನೆಯ ಗಾಜು ಒಡೆದ ಮನುಷ್ಯ, ಕ್ರಿಕೆಟ್ ಈ ನೆಲದ ಸಂಸ್ಕೃತಿಯಲ್ಲ ಎಂದು ಗಂಟಲು ಗದ್ಗದವಾಗುವಂತೆ ಮಾತಾಡಿದರು. ಪುರಸಭೆಯ ಬಿಳಿ ಸದಸ್ಯರೆಲ್ಲ ಕ್ರಿಕೆಟ್ಟಿನ ಪರ ಮತ ಹಾಕಿದರು.

ಎರಡು ಭಾನುವಾರ ರಾಯರು ಆ ಕಡೆ ತಲೆ ಹಾಕಲಿಲ್ಲ. ಮೂರನೆಯ ಭಾನುವಾರ ಮರೆತ ಕುರ್ಚಿ ತರುವ ನೆಪದಲ್ಲಿ ಹೋದರು. ಸ್ಕೋರ್ ಬರೆಯುವವರು ಯಾರೂ ಇರಲಿಲ್ಲ. ಪೆನ್ಸಿಲ್ ಕಿವಿಯ ಮೇಲೇ ಇತ್ತು. ನಮ್ಮ ಮಕ್ಕಳ ತಂಡ ಮೊದಲ ಪಂದ್ಯ ಸೋತಿತು, ಎರಡನೆಯದು ಸೋತಿತು, ಮೂರನೆಯದನ್ನು ಕೊನೆಯ ಓವರಿನಲ್ಲಿ, ಗೆದ್ದಾಯಿತು ಎಂದುಕೊಂಡ ಮೇಲೆ, ಒಂದು ರನ್ನಿಗೆ ಸೋತಿತು. ಹುಡುಗರು ಬೌಂಡರಿ ಗೆರೆಯ ಬಳಿ ಕೂತು ಅತ್ತರು. ಅಪ್ಪ ಅಮ್ಮಂದಿರು ಕೋಚನ್ನು ಬದಲಾಯಿಸುವ ಮಾತಾಡುತ್ತಿದ್ದರು. ಸ್ಕೋರ್ ಪುಸ್ತಕ ಮುಚ್ಚಿ ಎದ್ದ ರಾಯರ ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದ ಕಳೆ.

"ಈ ಹುಡುಗರಲ್ಲಿ ಲಕ್ಷಣ ಇದೆ ಕಣ್ರೀ," ಎಂದರು. "ಬರೋ ವರ್ಷ ಇವರನ್ನೆಲ್ಲ ಪೈರೇಟ್ಸ್ ಮ್ಯಾಚಿಗೆ ಕರ್ಕೊಂಡು ಹೋಗ್ತೀನಿ."