ಸೈಕಲ್ ಸಾಗಣೆ ಶಾಸ್ತ್ರ ಪ್ರವೇಶಿಕೆ

ಸೈಕಲ್ ಪ್ರವಾಸದಲ್ಲಿ ಸೈಕಲ್ ತುಳಿಯುವುದಕ್ಕೆ ಇಲ್ಲದ ಮಹತ್ವ ಕೊಟ್ಟು ಕೆಡಿಸಲಾಗಿದೆ. ತುಳಿಯುವುದನ್ನು ಯಾರು ಬೇಕಾದರೂ ಮಾಡುತ್ತಾರೆ. ಹಾಲಿನವರು ತುಳಿಯುತ್ತಾರೆ, ಪೇಪರ್ ಹುಡುಗರು ತುಳಿಯುತ್ತಾರೆ, ಸರ್ಕಾರ ಕೊಟ್ಟ ಸೈಕಲ್ಲಿನಲ್ಲಿ ಎಂಟನೇ ತರಗತಿಯ ಮಕ್ಕಳು ಮಣ್ಣಿನ ರಸ್ತೆಯಲ್ಲಿ ಡಬಲ್ ರೈಡ್ ಹೊಡೆದಿದ್ದಾರೆ. ಆದರೆ ಎರಡೂವರೆ ಲಕ್ಷದ ಸೈಕಲ್ಲನ್ನು ಒಂದು ಗೀರೂ ಬೀಳದಂತೆ ಬೆಂಗಳೂರಿನಿಂದ ಹಂಪಿಗೆ ಮುಟ್ಟಿಸುವುದಿದೆಯಲ್ಲ, ಅದಕ್ಕೆ ಗುರುಮುಖೇನ ಕಲಿತ ವಿದ್ಯೆಯೇ ಬೇಕು. ಈ ಲೇಖನ ಆ ವಿದ್ಯೆಗೆ ಸಂಬಂಧಿಸಿದ್ದು. ತುಳಿಯುವ ಬಗ್ಗೆ ತಿಳಿಯಬಯಸುವವರು ಹಾಲಿನವರನ್ನು ಕೇಳಬಹುದು.

ಸೈಕಲ್ಲಿಗೂ ಸವಾರನಿಗೂ ಇರುವ ಸಂಬಂಧ ಎಂಥದು ಎಂಬುದರ ಮೇಲೆ ಸಾಗಣೆಯ ಮತಗಳು ಕವಲೊಡೆದಿವೆ. ಶೃಂಗೇರಿ, ಮೇಲುಕೋಟೆ, ಉಡುಪಿ ಮೂರೂ ಸೈಕಲ್ ಪ್ರವಾಸಕ್ಕೆ ಹೇಳಿಮಾಡಿಸಿದ ಊರುಗಳೇ ಆಗಿರುವುದರಿಂದ ಮತಗಳ ಹೆಸರಿಗೆ ಹುಡುಕಾಡಬೇಕಿಲ್ಲ. ಅದ್ವೈತಿಗಳ ಪ್ರಕಾರ ಸೈಕಲ್, ಸವಾರ ಎಂಬ ಭೇದವೇ ಇಲ್ಲ. ಮನೆ ಗೇಟಿನಲ್ಲಿ ಹತ್ತಿದವರು ಊರು ಬರುವ ತನಕ ತುಳಿದುಕೊಂಡೇ ಹೋಗುತ್ತಾರೆ. 1923ರಲ್ಲಿ ಮುಂಬಯಿಯಿಂದ ಹೊರಟ ಅದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಂ ಭುಮಗರಾ ಎಂಬ ಪಾರ್ಸಿ ತರುಣರು ಹೀಗೇ ಜಗತ್ತು ಸುತ್ತಿ, 71,000 ಕಿಲೋಮೀಟರ್ ಮುಗಿಸಿ 1928ರಲ್ಲಿ ಮನೆ ಸೇರಿದರು. ಸಮುದ್ರ ಅಡ್ಡ ಬಂದಾಗ ಹಡಗು ಹತ್ತಿದರು. ಅಷ್ಟು ವರ್ಷ ಕೈಯಲ್ಲಿದ್ದರೂ ಸೈಕಲ್ಲನ್ನು ಸರಿಯಾಗಿ ಪ್ಯಾಕ್ ಮಾಡಿ ಕಳಿಸುವ ಯೋಚನೆ ಅವರಿಗೆ ಬರಲಿಲ್ಲ. ಶಾಸ್ತ್ರದಲ್ಲಿ ಇಂಥವರಿಗೆ ಸ್ಥಾನವಿಲ್ಲ; ಮುಂದೆ ಹೋಗೋಣ.

ವಿಶಿಷ್ಟಾದ್ವೈತಿಗಳು ಕಾರಿನವರು. ಸೈಕಲ್ ಕಾರಿಗಿಂತ ಬೇರೆಯೂ ಹೌದು, ಆದರೆ ಕಾರನ್ನು ಬಿಟ್ಟು ಅದಕ್ಕೆ ಅಸ್ತಿತ್ವವಿಲ್ಲ. ನೆತ್ತಿಯ ಮೇಲೆ ಕಟ್ಟಿಕೊಂಡು ಚಿಕ್ಕಮಗಳೂರಿನ ಹೋಮ್‌ಸ್ಟೇಗೆ ಹೋಗುತ್ತಾರೆ, ಇಳಿಸುತ್ತಾರೆ, ಗೇಟಿಗೆ ಒರಗಿಸಿ ಹಿಂದೆ ಮುಳ್ಳಯ್ಯನಗಿರಿ ಬರುವಂತೆ ಫೋಟೋ ತೆಗೆಯುತ್ತಾರೆ, ಮತ್ತೆ ಹತ್ತಿಸುತ್ತಾರೆ. ಕಾರಿನ ಬೆನ್ನಿಗೆ ನೇತುಹಾಕುವ ಒಂದು ಉಪಪಂಗಡವೂ ಉಂಟು. ಅವರ ಸೈಕಲ್ ನಂಬರ್ ಪ್ಲೇಟನ್ನು ಮುಚ್ಚುವುದರಿಂದ ಪೆಡಲ್ ಮೇಲೆ ಕಾಲಿಡುವ ಮೊದಲೇ ದಂಡ ಕಟ್ಟುವ ಅವಕಾಶವಿರುತ್ತದೆ. ನೆತ್ತಿಯವರಿಗೆ ಎಚ್ಚರಿಕೆ ಒಂದೇ: ಬೇಸ್‌ಮೆಂಟಿನ ಬಾಯಲ್ಲಿ ಹಳದಿ-ಕಪ್ಪು ಪಟ್ಟೆಯ ಅಡ್ಡಪಟ್ಟಿ ತೂಗುಬಿಟ್ಟು 2.1 ಮೀಟರ್ ಎಂದು ಬರೆದಿರುತ್ತಾರೆ. ಕಾರು ಒಂದೂವರೆ ಮೀಟರ್, ಅದರ ಮೇಲೆ ಸೈಕಲ್ ಒಂದು ಮೀಟರ್. ಈ ಕೂಡುವ ಲೆಕ್ಕವನ್ನು ಇಳಿಜಾರಿಗೆ ಮುಂಚೆಯೇ ಮಾಡಿಕೊಂಡವರು ಲಾಭದಲ್ಲಿರುತ್ತಾರೆ.

ವಿಮಾನದವರು ಶೂನ್ಯವಾದಿಗಳು. ಅವರ ಮೊದಲ ಸೂತ್ರವೇ ಟೈರಿನಲ್ಲಿ ಗಾಳಿ ಇರಕೂಡದು ಎಂಬುದು. ಮೇಲೆ ಹೋದಂತೆ ಹೊರಗಿನ ಒತ್ತಡ ಇಳಿದು ಟೈರ್ ಒಡೆಯುತ್ತದೆ ಎಂಬ ಭಯ. ಸಾಮಾನಿಡುವ ಜಾಗದಲ್ಲೂ ಪ್ರಯಾಣಿಕರ ಕಡೆ ಇರುವಷ್ಟೇ ಒತ್ತಡವಿರುತ್ತದೆ, ಅದು ಹೆಚ್ಚೆಂದರೆ 8,000 ಅಡಿ ಎತ್ತರದ ಗಾಳಿಗೆ ಸಮ ಎಂದು ಕೆಲವು ವಿಜ್ಞಾನಿಗಳು ಅಡ್ಡ ಮಾತಾಡಬಹುದು. ಅವರ ಮಾತು ನಂಬಿ ಕೌಂಟರಿನಲ್ಲಿ ವಾದಕ್ಕೆ ನಿಲ್ಲಬಾರದು. ನಿಯಮ ನಿಯಮವೇ. ಊಟಿಯ ದೊಡ್ಡಬೆಟ್ಟ 2,637 ಮೀಟರ್, ಅಂದರೆ 8,600 ಅಡಿಯ ಮೇಲಾಯಿತು. ಆದ್ದರಿಂದ ನಿಯಮವನ್ನು ಮನಸಾ ಒಪ್ಪಿದವರು ಕಲ್ಲಹಟ್ಟಿ ಘಾಟಿಯ 36 ತಿರುವುಗಳನ್ನು ಹತ್ತಿ ಊಟಿ ಸೇರಿದ ಮೇಲೆ, ದೊಡ್ಡಬೆಟ್ಟದ ಬುಡದಲ್ಲಿ ಎರಡೂ ಟೈರಿನ ಗಾಳಿ ಬಿಟ್ಟು ಮುಂದುವರಿಯುವುದು ಕ್ಷೇಮ.

ಆಮೇಲೆ ಪೆಡಲ್. ರಟ್ಟಿನ ಪೆಟ್ಟಿಗೆಯೊಳಗೆ ಸೈಕಲ್ ಇಳಿಯಬೇಕಾದರೆ ಪೆಡಲ್ ಬಿಚ್ಚಬೇಕು, ಮುಂದಿನ ಚಕ್ರ ಕಳಚಬೇಕು, ಹ್ಯಾಂಡಲ್ ತಿರುಚಬೇಕು. ಬಲಗಡೆಯ ಪೆಡಲ್ ಲೋಕದ ಎಲ್ಲ ತಿರುಪುಗಳ ಹಾಗೆ ಅಪ್ರದಕ್ಷಿಣೆಯಾಗಿ ಬಿಚ್ಚಿಕೊಳ್ಳುತ್ತದೆ. ಎಡಗಡೆಯದು ಪ್ರದಕ್ಷಿಣೆ ಬಂದರೆ ಮಾತ್ರ ಒಲಿಯುತ್ತದೆ. ತುಳಿಯುವಾಗ ತಾನಾಗಿ ಸಡಿಲಗೊಳ್ಳಬಾರದೆಂದು ಅದರ ಎಳೆಯನ್ನು ಉಲ್ಟಾ ಕೊರೆದಿರುತ್ತಾರೆ. ಇದನ್ನು ತಿಳಿಯದವರು ವಿಮಾನದ ಹಿಂದಿನ ರಾತ್ರಿ ಹನ್ನೊಂದಕ್ಕೆ ಸ್ಪ್ಯಾನರ್ ಹಿಡಿದು ಕೂತು, ಎಡ ಪೆಡಲನ್ನು ಬಿಚ್ಚುತ್ತಿದ್ದೇವೆಂದು ನಂಬಿ ಬಿಗಿ ಮಾಡುತ್ತ ಹೋಗುತ್ತಾರೆ. ಹನ್ನೆರಡರ ಹೊತ್ತಿಗೆ ಪಕ್ಕದ ಮನೆಯವರು ಸುತ್ತಿಗೆ ತಂದುಕೊಡುತ್ತಾರೆ. ಒಂದರ ಹೊತ್ತಿಗೆ ಆ ಪೆಡಲ್ ಸೈಕಲ್ಲಿನ ಶಾಶ್ವತ ಅಂಗವಾಗಿರುತ್ತದೆ. ಪೆಟ್ಟಿಗೆಗೆ ಆ ಜಾಗದಲ್ಲಿ ಒಂದು ಕಿಟಕಿ ಕೊರೆಯುವುದೇ ಶಾಸ್ತ್ರಸಮ್ಮತ ಪರಿಹಾರ.

ಪೆಟ್ಟಿಗೆಯನ್ನು ಎಸೆಯದಂತೆ ನೋಡಿಕೊಳ್ಳುವುದೇ ಒಂದು ಪ್ರತ್ಯೇಕ ಶಾಖೆ. ನೆದರ್ಲೆಂಡ್ಸ್‌ನ ವ್ಯಾನ್‌ಮೂಫ್ ಎಂಬ ಸೈಕಲ್ ಕಂಪನಿ ತನ್ನ ಪೆಟ್ಟಿಗೆಗಳ ಮೇಲೆ ಟಿವಿಯ ಚಿತ್ರ ಅಚ್ಚು ಹಾಕಿಸಿತು. ಸಾಗಿಸುವವರು ಒಳಗಿರುವುದು ಟಿವಿ ಎಂದುಕೊಂಡು ಮೆಲ್ಲಗೆ ಇಟ್ಟರಂತೆ. ಹಾನಿ ಮುಕ್ಕಾಲು ಪಾಲು ಇಳಿಯಿತೆಂದು ಕಂಪನಿಯೇ 2016ರಲ್ಲಿ ಹೇಳಿಕೊಂಡಿತು. ನಮ್ಮಲ್ಲಿ ಟಿವಿಗೆ ಆ ಮರ್ಯಾದೆ ಉಳಿದಿಲ್ಲ. ಗೋಡೆಗೆ ದೇವರ ಟೈಲ್ಸ್ ಅಂಟಿಸಿ ಗೋಡೆಯನ್ನು ಒಣಗಿಸಿದ ಅನುಭವ ನಮ್ಮ ಸಮಾಜಕ್ಕೆ ಇರುವುದರಿಂದ, ಪೆಟ್ಟಿಗೆಯ ಮೇಲೆ ‘ಗಣಪತಿ ವಿಗ್ರಹ’ ಎಂದು ದಪ್ಪಕ್ಷರದಲ್ಲಿ ಬರೆಯುವುದು ಫಲಕಾರಿ. ಯಾರೂ ಎಸೆಯುವುದಿಲ್ಲ. ಎತ್ತುವವರೆಲ್ಲ ಚಪ್ಪಲಿ ಬಿಟ್ಟು ಬರುವುದರಿಂದ ವಿಮಾನ ತುಸು ತಡವಾಗಬಹುದು.

ಇಷ್ಟಾದರೂ ದೇಶದೊಳಗಿನ ಅಗ್ಗದ ಟಿಕೆಟ್ಟಿಗೆ ಸಾಮಾನ್ಯವಾಗಿ 15 ಕಿಲೋ ಸಾಮಾನಷ್ಟೇ ಬಿಟ್ಟಿ. ಸೈಕಲ್ಲು, ಪೆಟ್ಟಿಗೆ, ಸುತ್ತಿದ ಥರ್ಮೋಕೋಲು ಸೇರಿ ಅದನ್ನು ದಾಟುತ್ತವೆ. ಬಟ್ಟೆಯನ್ನು ಮೈಮೇಲೆ ಪದರಪದರವಾಗಿ ಹಾಕಿಕೊಂಡು ಹೋಗಬೇಕು. ಸೈಕಲ್ ಮರುಜೋಡಣೆಗೆ ಬೇಕಾದ ಅಲೆನ್ ಕೀ, ಸ್ಪ್ಯಾನರುಗಳನ್ನು ಕೈಚೀಲದಲ್ಲಿಟ್ಟರೆ ಭದ್ರತಾ ತಪಾಸಣೆಯವರ ಬುಟ್ಟಿಗೆ ಹೋಗುತ್ತವೆ. ಪೆಟ್ಟಿಗೆ ಟ್ಯಾಕ್ಸಿಯಲ್ಲಿ ಹಿಡಿಸದ ಕಾರಣ ಮನೆಯಿಂದ ಟಾಟಾ ಏಸ್ ಮಾಡಿಕೊಂಡು ಹೋಗಬೇಕಾಗುತ್ತದೆ. ಡ್ರೈವರ್ ‘ಸಾರ್, ಮನೆ ಖಾಲಿ ಮಾಡ್ತಿದೀರಾ?’ ಎಂದು ಕೇಳುತ್ತಾನೆ. ಹೌದೆನ್ನುವುದೇ ಒಳ್ಳೆಯದು. ಸೈಕಲ್ ತುಳಿಯಲು ಹೋಗುತ್ತಿದ್ದೇವೆಂದರೆ ದಾರಿಯುದ್ದಕ್ಕೂ ವಿವರಿಸಬೇಕಾಗುತ್ತದೆ.

ಬಸ್ಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಂದೆ ಬಸ್ಸಿನ ಬೆನ್ನಿಗೆ ಏಣಿ ಇತ್ತು, ಟಾಪ್ ಮೇಲೆ ಹಲಸಿನಹಣ್ಣಿನ ಪಕ್ಕದಲ್ಲಿ ಸೈಕಲ್ ಮಲಗುತ್ತಿತ್ತು, ಅಲ್ಲಿಗೆ ಮುಗಿಯಿತು. ಈಗಿನ ದೊಡ್ಡ ಬಸ್ಸುಗಳಿಗೆ ಟಾಪ್ ಇಲ್ಲ, ಡಿಕ್ಕಿಯಿದೆ. ಡಿಕ್ಕಿಯ ವಿಷಯ ಕಂಡಕ್ಟರರ ವಿವೇಚನೆಗೆ ಬಿಟ್ಟದ್ದು. 2024ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಅಜ್ಜಿ-ಮೊಮ್ಮಗಳಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತವಾಗಿ, ಅವರ ಪಂಜರದಲ್ಲಿದ್ದ ನಾಲ್ಕು ಲವ್ ಬರ್ಡ್‌ಗಳಿಗೆ ತಲಾ 111ರಂತೆ 444 ರೂಪಾಯಿ ಟಿಕೆಟ್ ಹರಿದ ಸುದ್ದಿಯನ್ನು ಎಲ್ಲರೂ ಓದಿದ್ದಾರೆ. ಬೆಲ್ ಬಿಚ್ಚಿಟ್ಟುಕೊಂಡರೆ ಸೈಕಲ್ ಸದ್ದು ಮಾಡುವುದಿಲ್ಲ ಎಂಬುದಷ್ಟೇ ನಮ್ಮ ಸಲಹೆ.

ಎಲ್ಲ ಮತಗಳಲ್ಲಿ ಶ್ರೇಷ್ಠವಾದದ್ದು ದ್ವೈತ. ಅದರ ಪೀಠ ರೈಲ್ವೆ ಪಾರ್ಸೆಲ್ ಆಫೀಸು. ಇಲ್ಲಿ ಸವಾರನೇ ಬೇರೆ, ಸೈಕಲ್ಲೇ ಬೇರೆ. ಒಂದೇ ರೈಲಿನಲ್ಲಿದ್ದರೂ ಬೇರೆ. ಸ್ಲೀಪರ್ ಟಿಕೆಟ್ಟಿನವರು 40 ಕಿಲೋ ಸಾಮಾನನ್ನು ಬಿಟ್ಟಿಯಾಗಿ ಒಯ್ಯಬಹುದಾದರೂ ಸೈಕಲ್ ಆ ಲೆಕ್ಕಕ್ಕೆ ಸೇರದು, ಅದು ಬ್ರೇಕ್ ವ್ಯಾನಿಗೇ ಹೋಗಬೇಕು. ಟಿಕೆಟ್ ತೋರಿಸಿ ನಿಮ್ಮ ರೈಲಿಗೇ ಹಾಕಿಸಿದರೆ ಲಗೇಜ್. ಟಿಕೆಟ್ಟಿನ ಹಂಗಿಲ್ಲದೆ, ಜಾಗ ಸಿಕ್ಕ ರೈಲಿಗೆ ಹೋಗಲಿ ಎಂದು ಬಿಟ್ಟರೆ ಪಾರ್ಸೆಲ್. ಹೊಸಬರು ಲಗೇಜ್ ಮಾಡಿಸುತ್ತಾರೆ. ವೈರಾಗ್ಯ ಬಂದವರು ಪಾರ್ಸೆಲ್ ಮಾಡಿಸುತ್ತಾರೆ.

ಆಫೀಸಿನ ಹೊರಗೆ ಗೋಣಿತಟ್ಟು, ಹುರಿ, ದಬ್ಬಳ ಇಟ್ಟುಕೊಂಡು ಪ್ಯಾಕ್ ಮಾಡುವ ಹಿರಿಯರೊಬ್ಬರು ಕೂತಿರುತ್ತಾರೆ. ಅವರು ನಿಮ್ಮ ಕಾರ್ಬನ್ ಫ್ರೇಮಿನ ಮೇಲೆ ಉಗುರಿನಿಂದ ಟಕ್ಕೆಂದು ಬಡಿದು, ಕಿವಿಗೊಟ್ಟು, ‘ಪ್ಲಾಸ್ಟಿಕ್ಕಾ ಸ್ವಾಮಿ?’ ಎನ್ನುತ್ತಾರೆ. ಒಪ್ಪಿಕೊಳ್ಳಿ. ಆಮೇಲೆ ಅವರು ಸೀಟಿಗೆ ಹುಲ್ಲು ಸುತ್ತಿ, ಗೋಣಿ ಹೊದಿಸಿ, ದಬ್ಬಳವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹುರಿ ಪೋಣಿಸಿ, ಹ್ಯಾಂಡಲ್ಲಿನ ಒಂದು ಕೊಂಬನ್ನು ಹೊರಗೆ ಬಿಟ್ಟು ಹೊಲಿದುಬಿಡುತ್ತಾರೆ. ಎತ್ತುವವರಿಗೆ ಹಿಡಿ ಬೇಕಲ್ಲ. ಹತ್ತು ನಿಮಿಷದಲ್ಲಿ ನಿಮ್ಮ ಇಟಲಿಯ ಸೈಕಲ್ಲಿಗೂ ಪಕ್ಕದ ಹೊಲಿಗೆ ಯಂತ್ರಕ್ಕೂ ಗುರುತೇ ಸಿಗುವುದಿಲ್ಲ. ಅದೇ ಅದಕ್ಕೆ ದೊಡ್ಡ ರಕ್ಷೆ. ಪೆಟ್ರೋಲ್ ಖಾಲಿ ಮಾಡಿದ್ದೀರಾ ಎಂದು ಯಾರಾದರೂ ಕೇಳಿದರೆ, ಮಾಡಿದ್ದೇವೆ ಅನ್ನಿ. ವಾದಕ್ಕಿಳಿದರೆ ಕೌಂಟರ್ ಮುಚ್ಚುವ ಹೊತ್ತಾಗುತ್ತದೆ.

ಫಾರಂ ತುಂಬುವಾಗ ಬೆಲೆಯ ಕಾಲಂ ಬರುತ್ತದೆ. ಅಭ್ಯಾಸಿಗಳ ಪರೀಕ್ಷೆ ಇಲ್ಲಿಯೇ. ಯಾವ ಸೈಕಲ್ಲಿಗೂ ಅಂಗಡಿಯ ಬಿಲ್ಲಿನಲ್ಲಿರುವ ಬೆಲೆ ಒಂದು, ಮನೆಯಲ್ಲಿ ಹೇಳಿರುವ ಬೆಲೆ ಇನ್ನೊಂದು. ಗುಮಾಸ್ತರು ಪೆನ್ನೆತ್ತಿ ‘ವ್ಯಾಲ್ಯೂ ಎಷ್ಟು ಬರೀಲಿ ಸಾರ್?’ ಎನ್ನುತ್ತಾರೆ. ಬೀಳ್ಕೊಡಲು ಬಂದ ಮಡದಿ ಪಕ್ಕದಲ್ಲೇ ನಿಂತಿರುತ್ತಾರೆ. ಸವಾರ ಸೀಲಿಂಗಿನ ಫ್ಯಾನು ನೋಡುತ್ತಾನೆ. ‘ಯಾಕ್ರೀ ಸುಮ್ನೆ ನಿಂತ್ರಿ? ಹದಿನೆಂಟು ಸಾವಿರ ಅಂದಿದ್ರಲ್ಲ, ಹೇಳಿ’ ಎಂದು ಮಡದಿಯೇ ನೆರವಾಗುತ್ತಾರೆ. ಹದಿನೆಂಟು ಸಾವಿರ ಎಂದು ದಾಖಲಾಗುತ್ತದೆ. ಸರ್ಕಾರಿ ಮುದ್ರೆ ಬೀಳುವುದರಿಂದ ಇನ್ನು ಅದೇ ನಿಜವಾದ ಬೆಲೆ.

ಏನನ್ನೂ ಘೋಷಿಸದೆ, ಅದಕ್ಕೆ ತಕ್ಕ ಹೆಚ್ಚುವರಿ ಶುಲ್ಕ ಕಟ್ಟದೆ ಬಿಟ್ಟರೂ ರೈಲ್ವೆಯವರಲ್ಲಿ ಬೆಲೆ ಇಲ್ಲದಿಲ್ಲ. ಕಳೆದುಹೋದರೆ ಲಗೇಜಿಗೆ ಕಿಲೋಗೆ 100 ರೂಪಾಯಿ, ಪಾರ್ಸೆಲ್ಲಿಗೆ ಕಿಲೋಗೆ 50 ರೂಪಾಯಿಗೆ ಅವರ ಹೊಣೆಗಾರಿಕೆ ಸೀಮಿತ. ಈ ಸೂತ್ರದ ಗಾಂಭೀರ್ಯವನ್ನು ಸೈಕಲ್ ಲೋಕ ಇನ್ನೂ ಅರಗಿಸಿಕೊಂಡಿಲ್ಲ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಂತೆ ರೇಸಿನ ಸೈಕಲ್ 6.8 ಕಿಲೋಗಿಂತ ಹಗುರ ಇರುವಂತಿಲ್ಲ. ಆ ಗಡಿ ಮುಟ್ಟಲು ಜನ ಲಕ್ಷಗಟ್ಟಲೆ ಸುರಿದು ಗ್ರಾಂ ಗ್ರಾಂ ತೂಕ ಇಳಿಸುತ್ತಾರೆ. ಅದು ಲಗೇಜಿನಲ್ಲಿ 680 ರೂಪಾಯಿ ಬಾಳುತ್ತದೆ, ಪಾರ್ಸೆಲ್ಲಿನಲ್ಲಿ 340. ಅದೇ ಅಜ್ಜನ ಕಾಲದ, ಕ್ಯಾರಿಯರ್, ಸ್ಟ್ಯಾಂಡು, ಡೈನಮೋ, ಚೈನ್ ಕವರ್ ಸಮೇತ 20 ಕಿಲೋ ತೂಗುವ ಸೈಕಲ್ಲಿಗೆ 2,000. ಹಗುರ ಸೈಕಲ್ ಕೊಂಡು ಕೈಸುಟ್ಟುಕೊಂಡವರು ನಿರಾಶರಾಗಬೇಕಿಲ್ಲ. ಗೋಣಿಯೊಳಗೆ ಒಂದು ರುಬ್ಬುಗುಂಡು ಸೇರಿಸಿ ಹೊಲಿಸಿದರೆ ಆಸ್ತಿಯ ಮೌಲ್ಯ ಕೂಡಲೇ ಏರುತ್ತದೆ.

ಹಂಪಿಗೆ ಹೋಗುವವರು ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಹತ್ತುತ್ತಾರೆ. ಗೋಣಿಯ ಮೇಲೆ ‘ಎಚ್‌ಪಿಟಿ’ ಎಂದು ಹೊಸಪೇಟೆಯ ಗುರುತು ಬರೆದಿರುತ್ತದೆ. ಆದರೆ ಹಂಪಿ ಎಕ್ಸ್‌ಪ್ರೆಸ್ಸಿನ ಕೊನೆಯ ನಿಲ್ದಾಣ ಹುಬ್ಬಳ್ಳಿ. ಹುಬ್ಬಳ್ಳಿಯ ಬಟ್ಟೆ ಬೇಲುಗಳು ನಿಮ್ಮ ಸೈಕಲ್ ಆದ ಮೇಲೆ ಬಂದದ್ದರಿಂದ ಅದರ ಮೇಲೆಯೇ ಕೂತಿರುತ್ತವೆ. ಹೊಸಪೇಟೆಯಲ್ಲಿ ರೈಲು ನಿಲ್ಲುವುದು ಕೆಲವೇ ನಿಮಿಷ. ಪ್ಲಾಟ್‌ಫಾರಂ ಉದ್ದಕ್ಕೂ ‘ಗಾರ್ಡ್ ಸಾರ್, ಗಾರ್ಡ್ ಸಾರ್’ ಎಂದು ಓಡುವುದರಿಂದ ಪ್ರಯೋಜನವಿಲ್ಲ. 2022ರಿಂದ ಅವರು ಟ್ರೇನ್ ಮ್ಯಾನೇಜರ್. ಸರಿಯಾದ ಹೆಸರು ನೆನಪಾಗುವಷ್ಟರಲ್ಲಿ ಹಸಿರು ಬಾವುಟ ಎದ್ದಿರುತ್ತದೆ.

ಇಲ್ಲಿ ಗಾಬರಿಯಾಗುವವರು ಇನ್ನೂ ಪ್ರಥಮ ವರ್ಷದವರು. ಹಂಪಿ ಬಜಾರಿನಲ್ಲಿ ದಿನದ ಬಾಡಿಗೆಗೆ ಸೈಕಲ್ ಸಿಗುತ್ತದೆ. ಒಂದೇ ಬ್ರೇಕಿನ, ಮುಂದೆ ಬುಟ್ಟಿಯಿರುವ ಆ ಸೈಕಲ್ಲಿನಲ್ಲಿ ನೀವು ಬಂಡೆಗಳ ನಡುವೆ ಅಡ್ಡಾಡುವಾಗ ನಿಮ್ಮ ಸ್ವಂತ ಸೈಕಲ್ ಕೊಪ್ಪಳ, ಗದಗ ದಾಟಿ ಹುಬ್ಬಳ್ಳಿ ಸೇರಿರುತ್ತದೆ. ಗೀರು ಬಿದ್ದಿರುವುದಿಲ್ಲ, ಟೈರು ಸವೆದಿರುವುದಿಲ್ಲ, ಕೆಂಪು ಧೂಳು ಹತ್ತಿರುವುದಿಲ್ಲ. ಕಾರಿನವರಿಂದಾಗಲಿ ವಿಮಾನದವರಿಂದಾಗಲಿ ಈ ಫಲ ಸಾಧ್ಯವಾಗಿಲ್ಲ.

ಹುಬ್ಬಳ್ಳಿಯಿಂದ ಬಿಡಿಸಿಕೊಳ್ಳುವುದು ಅವಸರದ ಕೆಲಸವಲ್ಲ, ಹಾಗೆಂದು ವಾರಗಟ್ಟಲೆ ಬಿಡುವಂತೆಯೂ ಇಲ್ಲ. ಗೊತ್ತಾದ ಗಡುವು ಮೀರಿದರೆ ವಾರ್ಫೇಜ್ ಎಂಬ ಬಾಡಿಗೆ ಏರತೊಡಗುತ್ತದೆ. ಹೋದಾಗ ಬುಕ್ ಮಾಡಿದ ರಸೀದಿ ತೋರಿಸಬೇಕು, ಗುರುತಿನ ಚೀಟಿ ತೋರಿಸಬೇಕು, ಗೋಣಿಯ ಮೇಲಿನ ನಂಬರು ತಾಳೆಯಾಗಬೇಕು. ರಸೀದಿ ಕಳೆದಿದ್ದರೆ ಛಾಪಾ ಕಾಗದದ ಮೇಲೆ ಮುಚ್ಚಳಿಕೆ ಬರೆದುಕೊಟ್ಟು ಬಿಡಿಸಿಕೊಳ್ಳುವ ದಾರಿಯಿದೆ, ಒಂದೆರಡು ದಿನ ಹುಬ್ಬಳ್ಳಿಯಲ್ಲಿ ಉಳಿಯುವ ತಯಾರಿ ಇರಬೇಕು. ಆದ್ದರಿಂದ ರಸೀದಿಯನ್ನು ಜೋಪಾನ ಮಾಡಿ. ಸುರಕ್ಷಿತ ಜಾಗವೆಂದು ಸೀಟಿನ ಕೆಳಗಿನ ಪುಟ್ಟ ಚೀಲದಲ್ಲಿಟ್ಟು, ಜಿಪ್ ಎಳೆದು, ಹೊಲಿಗೆಗೆ ಮಾತ್ರ ಕೊಡಬೇಡಿ.