ಹಾಲು ಉಕ್ಕಿದ ಇಸವಿ

ನಮ್ಮ ಮನೆಯಲ್ಲಿ ಹಾಲು ಉಕ್ಕಿದ್ದು 8,02,701ನೇ ಇಸವಿಯಲ್ಲಿ. ತಾರೀಖು ನೆನಪಿಲ್ಲ. ವಾರ ಮಾತ್ರ ಭಾನುವಾರ.

"ಒಲೆ ಮೇಲೆ ಹಾಲಿದೆ, ಒಂಚೂರು ನೋಡ್ಕೊಳ್ಳಿ" ಎಂದು ಹೇಳಿ ನನ್ನಾಕೆ ಹೂವಿನವಳ ಜೊತೆ ಚೌಕಾಸಿಗೆ ನಿಂತಿದ್ದಳು. ಮೊಳದ ಅಳತೆ ಯಾರ ಕೈಯದ್ದಾಗಬೇಕು ಎಂಬ ವ್ಯಾಜ್ಯ ಅಷ್ಟು ಬೇಗ ಇತ್ಯರ್ಥವಾಗುವಂಥದ್ದಲ್ಲ. ನಾನು ಅಡಿಗೆಮನೆ ಕಟ್ಟೆಗೆ ಒರಗಿ ಪುಸ್ತಕ ತೆರೆದೆ. ಎಚ್. ಜಿ. ವೆಲ್ಸ್ 1895ರಲ್ಲಿ ಪ್ರಕಟಿಸಿದ 'ದಿ ಟೈಮ್ ಮಷೀನ್'. ಅದರ ನಾಯಕ ಕಾಲದ ಮೇಲೆ ಸವಾರಿ ಮಾಡುವ ಯಂತ್ರವೊಂದನ್ನು ಕಟ್ಟಿ, ಅದರ ಮೇಲೆ ಕೂತು ಭವಿಷ್ಯಕ್ಕೆ ಹೊರಡುತ್ತಾನೆ. ಅವನು ಹೋಗಿ ಇಳಿಯುವ ಇಸವಿಯೇ ಮೇಲೆ ಹೇಳಿದ್ದು. ಅವನ ಹಿಂದಿನ ಸೀಟಿನಲ್ಲಿ ನಾನೂ ಇದ್ದೆ. ಸೀದ ವಾಸನೆ ಮೂಗಿಗೆ ಬಡಿದು ವಾಪಸು ಬರುವಷ್ಟರಲ್ಲಿ ಹಾಲು ಒಲೆ ದಾಟಿ, ಕಟ್ಟೆ ಇಳಿದು, ನೆಲದ ಮೇಲೆ ತನ್ನದೇ ಪ್ರವಾಸ ಹೊರಟಿತ್ತು.

"ಯಾವ ಶತಮಾನಕ್ಕಾದ್ರೂ ಹೋಗಿ, ಒರೆಸೋದಕ್ಕೆ ಮಾತ್ರ ಬಂದುಬಿಡಿ" ಎಂದಳು ನನ್ನಾಕೆ. ಬಂದೆ.

ಭಾನುವಾರ ತಿಂಡಿಯ ಹೊತ್ತಿಗೆ ಸರಿಯಾಗಿ ಪಕ್ಕದ ಬೀದಿಯ ಮೇಷ್ಟ್ರು ಬರುತ್ತಾರೆ. ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಹಾಲಿಲ್ಲದ ಕಾಫಿಯನ್ನು ಕಷಾಯದಂತೆ ಗುಟುಕರಿಸುತ್ತ ಟೀಪಾಯಿಯ ಮೇಲಿದ್ದ ಪುಸ್ತಕ ನೋಡಿದರು. ಅದಕ್ಕೆ ನಾನು ಹಳೇ ಕ್ಯಾಲೆಂಡರಿನ ಹಾಳೆಯ ಬೈಂಡು ಹಾಕಿದ್ದೆ. ಹೊರಮೈ ಮೇಲೆ ಸಾಕ್ಷಾತ್ ತಿರುಪತಿ ವೆಂಕಟರಮಣ. "ಓಹೋ, ಸ್ತೋತ್ರ ಪಾರಾಯಣವೋ!" ಎಂದು ಕಣ್ಣಿಗೊತ್ತಿಕೊಳ್ಳುವ ಭಕ್ತಿಯಲ್ಲಿ ತೆರೆದವರ ಮುಖ ಕರಿ ಕಾಫಿಗಿಂತ ಕಹಿಯಾಯಿತು.

"ಏನ್ರೀ ರಾಯರೇ, ಈ ವಯಸ್ಸಿನಲ್ಲಿ! ಇದೆಲ್ಲ ಸಾಹಿತ್ಯವೇನ್ರೀ? ಯಂತ್ರ ಇರುತ್ತೆ, ಮನುಷ್ಯ ಇರಲ್ಲ. ರಸ ಎಲ್ಲಿ?"

ಈ ಮಾತು ಮೇಷ್ಟ್ರ ಸ್ವಂತದ್ದಲ್ಲ, ವಿಮರ್ಶಕರ ವಂಶಪಾರಂಪರ್ಯದ ಆಸ್ತಿ. ಪೂರ್ತಿ ಸುಳ್ಳೂ ಅಲ್ಲ. ಬೆಳ್ಳಿ ಬಣ್ಣದ ಅಂಗಿ ತೊಟ್ಟವರು, ತಲೆ ಕೆದರಿದ ವಿಜ್ಞಾನಿ, ಅವನು ಹೇಳಿದ್ದಕ್ಕೆಲ್ಲ ಕಣ್ಣರಳಿಸುವ ಸಹಾಯಕಿ, ಕೊನೆಯ ಪುಟದಲ್ಲಿ ಢಮಾರ್. ಇಂಥವನ್ನು ನಾನೂ ರಾಶಿಗಟ್ಟಲೆ ಓದಿದ್ದೇನೆ, ರದ್ದಿಯವನಿಗೆ ತೂಕಕ್ಕೆ ಹಾಕಿದ್ದೇನೆ. ಅಮೆರಿಕದ ಥಿಯೋಡರ್ ಸ್ಟರ್ಜನ್ ಎಂಬ ಕಥೆಗಾರ, ಇದೇ ಜಾತಿಯ ಕಥೆ ಬರೆದವನು, ಈ ಆಕ್ಷೇಪಣೆಯನ್ನು ತಳ್ಳಿಹಾಕಲು ಹೋಗಲಿಲ್ಲ. ನೂರಕ್ಕೆ ತೊಂಬತ್ತು ಪಾಲು ಜೊಳ್ಳೇ, ಆದರೆ ಯಾವುದರಲ್ಲಿ ಅಲ್ಲ ಹೇಳಿ ಎಂಬುದು ಅವನ ವಾದ. ಕವಿಗೋಷ್ಠಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು ಅನುಭವವಿರುವ ನಾನು ಆ ಲೆಕ್ಕವನ್ನು ಪ್ರಶ್ನಿಸಲಾರೆ. ಗೋಷ್ಠಿಯ ಜೊಳ್ಳಿಗೆ ಕಾವ್ಯ ಹೊಣೆಯಲ್ಲ, ಆದರೆ ಒಂದು ಕೆಟ್ಟ ರಾಕೆಟ್ಟು ಬಿದ್ದರೆ ವಿಜ್ಞಾನ ಕಥೆಯ ಇಡೀ ಕುಲಕ್ಕೇ ಬಹಿಷ್ಕಾರ!

ಇಷ್ಟರಲ್ಲಿ ವಾಂಗೀಬಾತು ಬಂತು. ಅದರ ಬಗ್ಗೆ ಒಂದು ಮಾತು ಹೇಳಲೇಬೇಕು. ಮೇಷ್ಟ್ರಿಗೆ ಬದನೆಕಾಯಿ ಆಗದು. ಹುಳಿಯಲ್ಲಿ ಒಂದು ಹೋಳು ಸಿಕ್ಕರೂ "ನಂಜು ಕಣಮ್ಮಾ" ಎಂದು ಎಲೆಯ ತುದಿಗೆ ಸರಿಸುತ್ತಾರೆ. ವಾಂಗೀಬಾತಾದರೆ ಎರಡು ಸಲ ಹಾಕಿಸಿಕೊಳ್ಳುತ್ತಾರೆ. ಒಮ್ಮೆ ನಾನು ಬಾಯಿ ತಡೆಯದೆ ಕೇಳಿಬಿಟ್ಟಿದ್ದೆ. "ಅದು ವಾಂಗೀಬಾತು ಕಣ್ರೀ, ಬದನೆಕಾಯಿ ಅಲ್ಲ" ಎಂದು ಅಪ್ಪಣೆಯಾಗಿತ್ತು.

ಪುಸ್ತಕದಂಗಡಿಯಲ್ಲೂ ನೋಡಿ. ಆರ್ವೆಲ್ 1949ರಲ್ಲಿ ಪ್ರಕಟಿಸಿದ '1984' ಬರಲಿರುವ ಕಾಲದ ಕಥೆ, ಮನೆಯೊಳಗೇ ಕೂತು ಮನುಷ್ಯನನ್ನು ಗಮನಿಸುವ ಯಂತ್ರದ ಕಥೆ. ಅದಿರುವುದು 'ಶ್ರೇಷ್ಠ ಸಾಹಿತ್ಯ'ದ ಕಪಾಟಿನಲ್ಲಿ. ಅಂಗಾಂಗ ಕೊಡಲೆಂದೇ ಬೆಳೆಸಿದ ತದ್ರೂಪಿ ಮಕ್ಕಳ ಬಗ್ಗೆ 2005ರಲ್ಲಿ 'ನೆವರ್ ಲೆಟ್ ಮಿ ಗೋ' ಬರೆದ ಇಶಿಗುರೊಗೆ 2017ರಲ್ಲಿ ನೊಬೆಲ್ ಬಂತು. ಅದೂ ಅದೇ ಕಪಾಟಿನಲ್ಲಿ. ನಮ್ಮಲ್ಲಿ ತೇಜಸ್ವಿಯವರ 'ಕರ್ವಾಲೊ' ಇದೆ. ಒಬ್ಬ ವಿಜ್ಞಾನಿ, ಜೀವವಿಕಾಸದ ಒಗಟು, ಹಿಡಿಯಹೋದವರನ್ನು ಬಿಟ್ಟು ಕಾಲದಾಚೆಗೇ ಹಾರಿದಂತೆ ಕಾಣುವ ಓತಿ. ಅದನ್ನು ವಿಜ್ಞಾನ ಕಥೆ ಎಂದರೆ ಸಾಹಿತ್ಯದ ಸಭೆಯಲ್ಲಿ ನನ್ನನ್ನು ಹೊರಗೆ ಕಳಿಸಿಯಾರು. ಹುರಿದು, ಮಸಾಲೆ ಬೆರೆಸಿ, ಚೆನ್ನಾಗಿ ಆಯಿತೋ, ಅದು ಬದನೆಕಾಯಿಯೇ ಅಲ್ಲ.

ಮೇಷ್ಟ್ರು ಎರಡನೇ ತುತ್ತಿನಲ್ಲಿದ್ದರು. ನಾನು ಜಗದೀಶಚಂದ್ರ ಬೋಸರನ್ನು ಎಳೆತಂದೆ. ಬೋಸರು ಸಸ್ಯಗಳ ಬಗ್ಗೆ, ರೇಡಿಯೋ ಅಲೆಗಳ ಬಗ್ಗೆ ಸಂಶೋಧನೆ ಮಾಡಿದ್ದು ಎಲ್ಲರಿಗೂ ಗೊತ್ತು. ಕಲ್ಕತ್ತೆಯ ತಲೆಗೂದಲೆಣ್ಣೆಯ ಕಂಪನಿಯೊಂದು ಏರ್ಪಡಿಸಿದ ಕಥಾ ಸ್ಪರ್ಧೆಗೆ 1896ರಲ್ಲಿ ಬಂಗಾಳಿಯಲ್ಲಿ ಕಥೆ ಬರೆದು ಬಹುಮಾನ ಹೊಡೆದದ್ದು ಅಷ್ಟಾಗಿ ಗೊತ್ತಿಲ್ಲ. ಕಲ್ಕತ್ತೆಗೆ ಅಪ್ಪಳಿಸಬೇಕಿದ್ದ ಚಂಡಮಾರುತ ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ಹವಾಮಾನ ಪಂಡಿತರೆಲ್ಲ ತಲೆ ಕೆರೆದುಕೊಳ್ಳುತ್ತಾರೆ. ನಡೆದದ್ದಿಷ್ಟೆ: ಹಡಗಿನಲ್ಲಿದ್ದವನೊಬ್ಬ ಕೂದಲೆಣ್ಣೆಯ ಸೀಸೆಯನ್ನು ಕಡಲಿಗೆ ಸುರಿದಿದ್ದ. ನೀರಿನ ಮೇಲೆ ಎಣ್ಣೆ ಹರಡಿದರೆ ಅಲೆ ಅಡಗುತ್ತದೆಂಬ ಭೌತಶಾಸ್ತ್ರವೂ ಸರಿ, ಕಂಪನಿಯ ಋಣವೂ ತೀರಿತು. ನಾನೂ ಇಪ್ಪತ್ತು ವರ್ಷ ನಾನಾ ಎಣ್ಣೆ ತಿಕ್ಕಿದವನು. ಚಂಡಮಾರುತ ನಿಂತೀತು, ಉದುರುವುದು ನಿಲ್ಲಲಿಲ್ಲ.

"ಅದು ವಿಜ್ಞಾನಿಯ ತಮಾಷೆ ಬಿಡ್ರಿ" ಎಂದರು ಮೇಷ್ಟ್ರು. ಜಯಂತ ನಾರ್ಳೀಕರರ ಹೆಸರು ಹೇಳಿದೆ. ಅವರು 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಕಪ್ಪುಕುಳಿಯ ಕಥೆ ಕಳಿಸುವಾಗ ಬೇರೆ ಹೆಸರಿಟ್ಟುಕೊಂಡು, ಅಕ್ಷರದ ಗುರುತೂ ಹತ್ತದಿರಲೆಂದು ಹೆಂಡತಿಯ ಕೈಯಲ್ಲಿ ಬರೆಸಿದರಂತೆ. ಬಹುಮಾನವೂ ಬಂತು. ಅವರು ಹೆಸರು ಮರೆಸಿದ್ದು ಹೆಸರಿನ ಬಲದಿಂದ ಬಹುಮಾನ ಬರಬಾರದೆಂದು. ನಾನು ವೆಂಕಟರಮಣನ ಮರೆ ಹೊಕ್ಕದ್ದು ಶುದ್ಧ ಪುಕ್ಕಲುತನದಿಂದ. ಇಲ್ಲೊಂದು ಗುಟ್ಟೂ ಇದೆ. ಲಲಿತ ಪ್ರಬಂಧ ಬರೆಯುವ ನಮಗೂ ಸಾಹಿತ್ಯದ ಮನೆಯಲ್ಲಿ ಜಗಲಿಯಷ್ಟೇ ಸಿಕ್ಕಿರುವುದು. ಜಗಲಿಯ ಮೇಲೆ ಕೂತವನಿಗೆ ಗೇಟಿನಾಚೆ ನಿಂತವನ ಕಂಡರೆ ಒಂದು ಬಗೆಯ ಮರುಕ.

"ರಸ ಎಲ್ಲಿ ಅಂದ್ರಲ್ಲ ಮೇಷ್ಟ್ರೇ, ಅದ್ಭುತ ರಸಕ್ಕೆ ವಿಸ್ಮಯ ಸ್ಥಾಯಿಭಾವ ಅಂತ ಪಾಠ ಹೇಳಿದವರು ತಾವೇ. ರೈವತ ಮಗಳು ರೇವತಿಯನ್ನು ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗಿ, ಒಂದು ಸಂಗೀತ ಕೇಳಿ ಬರೋಷ್ಟರಲ್ಲಿ ಇಲ್ಲಿ ಯುಗಗಳೇ ಕಳೆದಿರಲಿಲ್ಲವೇ?" ಎಂದೆ. ಎಲ್ಲ ನಮ್ಮ ಪುರಾಣದಲ್ಲೇ ಇತ್ತೆಂದು ಸಾಧಿಸುವ ಚಟ ನನಗಿಲ್ಲ. ಹಿಂದಿನ ಯುಗದ ಆ ಎತ್ತರದ ಹುಡುಗಿಯನ್ನು ಬಲರಾಮ ನೇಗಿಲ ತುದಿಯಿಂದ ತನ್ನ ಅಳತೆಗೆ ತಗ್ಗಿಸಿಕೊಂಡ ಎನ್ನುವ ಕಡೆ ಯಾವ ಭೌತಶಾಸ್ತ್ರವೂ ಇಲ್ಲ, ಬರೀ ಕಥೆಯ ಸುಖ.

ಮೇಷ್ಟ್ರು ಮಾತಾಡಲಿಲ್ಲ. ನಾನು ವೆಲ್ಸನಿಗೇ ಹಿಂದಿರುಗಿದೆ. ಆ ಭವಿಷ್ಯದಲ್ಲಿ ವೀನಾ ಎಂಬ ಪುಟ್ಟ ಜೀವ, ಮುಳುಗುತ್ತಿದ್ದ ತನ್ನನ್ನು ಎತ್ತಿದವನ ಜೇಬಿಗೆ ಹೂ ತುಂಬುತ್ತದೆ. ಅವಳನ್ನು ಅವನು ಕಳೆದುಕೊಂಡೇ ಬರುತ್ತಾನೆ. ಮನೆಯಲ್ಲಿ ಸ್ನೇಹಿತರು ನಂಬುವುದಿಲ್ಲ. ಜೇಬಿಗೆ ಕೈಹಾಕಿ ಬಾಡಿದ ಎರಡು ಬಿಳಿ ಹೂ ಮೇಜಿನ ಮೇಲಿಡುತ್ತಾನೆ. ಅದು ಯಾವ ಜಾತಿಯ ಹೂವೆಂದು ಅಲ್ಲಿದ್ದ ವೈದ್ಯನಿಗೂ ಗುರುತು ಸಿಗುವುದಿಲ್ಲ.

ಮೇಷ್ಟ್ರ ತುತ್ತು ಅರ್ಧದಲ್ಲಿ ನಿಂತಿತು. "ಅಭಿಜ್ಞಾನ!" ಎಂದರು, ಪಾಠದ ದನಿಯಲ್ಲಿ. "ಶಕುಂತಲೆಯ ಉಂಗುರ, ಸೀತೆಯ ಚೂಡಾಮಣಿ... ಇಲ್ಲಿ ಹೂವು. ಅದೂ ಬಾಡಿದ್ದು. ಇನ್ನೂ ಹುಟ್ಟಬೇಕಾದ ಗಿಡದ ಹೂವು, ಆಗಲೇ ಬಾಡಿದೆ. ಆಹಾ!" ವೆಂಕಟರಮಣನನ್ನು ಎಡಗೈಯಲ್ಲಿ ಎತ್ತಿಕೊಂಡು ಆ ಪುಟ ಹುಡುಕಿದರು. ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ರಾಯರೇ, ನೀವು ಸುಮ್ಮನೆ ನನ್ನ ಹತ್ತಿರ ಜಗಳಕ್ಕೆ ಬಂದ್ರಿ. ಇದು ವಿಜ್ಞಾನ ಕಥೆ ಅಲ್ಲವೇ ಅಲ್ಲ. ಕಾವ್ಯ ಕಣ್ರೀ ಇದು!"

ನಾನು ಬಾಯಿ ತೆರೆಯುವಷ್ಟರಲ್ಲಿ ಅಡಿಗೆಮನೆಯಿಂದ ದನಿ ಬಂತು: "ಮೇಷ್ಟ್ರೇ, ಇನ್ನೊಂಚೂರು ವಾಂಗೀಬಾತು ಹಾಕ್ಲಾ?"