ಬಾಳೂರು ನೆಲಮಾಳಿಗೆಯ ಜಲಮೂಲ ಮೀಮಾಂಸೆ

ಹೇಮಾವತಿ ನದಿ ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುತ್ತದೆ ಎಂದು ಭೂಗೋಳದ ಪುಸ್ತಕಗಳು ಒಂದೇ ಬಾಯಲ್ಲಿ ಹೇಳುತ್ತವೆ. ಆರಿದ್ರಾ ಮಳೆ ಹಿಡಿದ ಮೇಲೆ ಅದೇ ತಾಲ್ಲೂಕಿನ ಬಾಳೂರಿನ ಮನೆಗಳ ಕೆಳಗಿನ ಗೋಡೌನಿಗಿಳಿದು ಬ್ಯಾಟರಿ ಬಿಟ್ಟು ನೋಡಿದ ಯಾರೂ ಈ ಏಕಮೂಲವಾದವನ್ನು ಒಪ್ಪಲಾರರು. ಇಂಥದೊಂದು ಉಪಮೂಲವನ್ನು, ಅಂದರೆ ಪ್ರಬಂಧಕಾರನ ಸ್ವಂತ ನೆಲಮಾಳಿಗೆಯ ಈಶಾನ್ಯ ಮೂಲೆಯನ್ನು, ವಿದ್ವಲ್ಲೋಕದ ಮುಂದಿಡುವುದೇ ಈ ಪ್ರಬಂಧದ ಉದ್ದೇಶ. ನೆರೆಯ ಬಾಳೆಹೊನ್ನೂರಿಗೆ 1925ರಲ್ಲೇ ಕಾಫಿ ಸಂಶೋಧನಾ ಕೇಂದ್ರ ಬಂತು. ಬಾಳೂರಿನ ಬೂಷ್ಟಿನ ಸಂಶೋಧನೆಗೆ ಮಾತ್ರ ಇದೇ ಆದಿ.

ಅಧ್ಯಯನ ಕ್ಷೇತ್ರದ ಪರಿಚಯ ಅಗತ್ಯ. ಮನೆ ಗುಡ್ಡದ ಓರೆಯಲ್ಲಿದೆ. ಧರೆ ಕಡಿದು ತಟ್ಟು ಮಾಡಿ ಕಟ್ಟಿದ್ದರಿಂದ ರಸ್ತೆಯವರಿಗೆ ಒಂದು ಅಂತಸ್ತು, ತೋಟದಿಂದ ಹತ್ತಿ ಬಂದವರಿಗೆ ಎರಡು. ಕೆಳಗಿನದರ ಹಿಂಗೋಡೆಯ ಬೆನ್ನಿಗೆ ಗುಡ್ಡವೇ ಒರಗಿದೆ. ಒಳಗೆ ರೊಬಸ್ಟಾ ಚೆರ್ರಿಯ ಚೀಲಗಳು, ಮೆಣಸು, ಕೆಟ್ಟ ಪಲ್ಪರು, ಯಾರದೋ ಮದುವೆಯಲ್ಲಿ ಉಳಿದ ಪಾತ್ರೆ. ಗೋಡೆಯ ಬುಡದಲ್ಲಿ ಮೊಣಕಾಲೆತ್ತರಕ್ಕೆ ಬಣ್ಣ ಹಪ್ಪಳದಂತೆ ಎದ್ದಿದೆ. ಅದರ ಕೆಳಗೆ ಬಿಳಿ ಉಪ್ಪು ಅರಳಿದೆ. ಗೋಡೆಗೆ ಒರಗಿಸಿದ ಗೋಣಿಚೀಲವನ್ನು ಎಳೆದರೆ ಅದರ ಬೆನ್ನಿನ ಮೇಲೆ ಹಸಿರು, ಬೂದಿ, ಕಪ್ಪು ಮೂರು ಬಣ್ಣದ ಬೂಷ್ಟು.

ಪೂರ್ವಪಕ್ಷಗಳು ಅನೇಕ. ಮನೆಯ ಹಿರಿಯರದು ಚೌಡಿವಾದ: ಧರೆ ಕಡಿಯುವಾಗ ಚೌಡಿಗೆ ಕೊಡಬೇಕಾದ್ದನ್ನು ಕೊಟ್ಟಿಲ್ಲ. ವಾಸ್ತುವಾದಿಗಳು ಬಂದು ಮೂಲೆ ನೋಡಿ ಕೈ ಕುಲುಕಿದರು. ಈಶಾನ್ಯದಲ್ಲಿ ನೀರಿರುವುದು ಪರಮ ಶುಭವಂತೆ, ಮುಟ್ಟಬಾರದಂತೆ. ತೆಂಗಿನಕಾಯಿ ಹಿಡಿದು ಜಲ ನೋಡುವವರ ಅಂಗೈ ಮೇಲೆ ಕಾಯಿ ತಟಕ್ಕನೆ ಎದ್ದು ನಿಂತಿತು. ‘ಇಲ್ಲಿ ಎರಡೂವರೆ ಇಂಚು ನೀರಿದೆ’ ಎಂದರು. ಅವರು ನಿಂತಿದ್ದೇ ಹಿಮ್ಮಡಿ ಮುಳುಗುವ ನೀರಿನಲ್ಲಾದ್ದರಿಂದ ಈ ಅಂದಾಜನ್ನು ಅಲ್ಲಗಳೆಯಲಾಗದು. ಬಣ್ಣದ ಅಂಗಡಿಯವರ ದರ್ಶನ ಅದ್ವೈತ: ಕಾರಣ ಯಾವುದಾದರೂ ಇರಲಿ, ಪರಿಹಾರ ಒಂದೇ, ಅದು ಇಪ್ಪತ್ತು ಲೀಟರಿನ ಡಬ್ಬಿಯಲ್ಲಿ ಬರುತ್ತದೆ. ಅದನ್ನು ಒಳಗೋಡೆಗೆ ಎರಡು ಕೋಟು ಹೊಡೆಸಿಯೂ ಆಯಿತು. ನೀರು ಗೋಡೆಯ ಆಚೆಯಿಂದ ತಳ್ಳುವಾಗ ಈಚೆ ಬಳಿದ ಬಣ್ಣ ಏನು ಮಾಡೀತು? ಪುಷ್ಯ ಮಳೆಗೆ ಗುಳ್ಳೆಯೆದ್ದು, ಗುಳ್ಳೆಯನ್ನು ಒತ್ತಿದರೆ ಪಿಚಕ್ಕೆಂದು ನೀರು ಹಾರಿತು.

ಪ್ರಬಂಧಕಾರನ ಧರ್ಮಪತ್ನಿ ಮಂಡಿಸಿದ್ದು ಒಂದೇ ವಾಕ್ಯ: ‘ರೀ, ಮೊದಲು ಸೂರಿನ ಆ ಮುರಿದ ದಂಬೆ ಸರಿ ಮಾಡಿಸಿ.’ ಇದಕ್ಕೆ ಅಡಿಟಿಪ್ಪಣಿಯಾಗಲಿ ಪೂರ್ವಸೂರಿಗಳ ಉಲ್ಲೇಖವಾಗಲಿ ಇಲ್ಲದ ಕಾರಣ ಅದನ್ನು ಸದ್ಯ ಬದಿಗಿಡಲಾಗಿದೆ.

ಇನ್ನು ಪ್ರತ್ಯಕ್ಷ ಪ್ರಮಾಣ. ಯೂರಿಯಾ ಚೀಲದ ಒಳಗಿನ ಪ್ಲಾಸ್ಟಿಕ್ಕನ್ನು ಎರಡಡಿ ಚೌಕಕ್ಕೆ ಕತ್ತರಿಸಿ, ಒಂದನ್ನು ನೆಲಕ್ಕೆ, ಇನ್ನೊಂದನ್ನು ಹಿಂಗೋಡೆಗೆ ನಾಲ್ಕೂ ಅಂಚು ಟೇಪು ಹಚ್ಚಿ ಎರಡು ದಿನ ಬಿಡತಕ್ಕದ್ದು. ಒದ್ದೆ ಗೋಡೆಗೆ ಟೇಪು ಅಂಟುವುದಿಲ್ಲ. ಅಂಚನ್ನು ಬಟ್ಟೆಯಿಂದ ಒರೆಸಿ, ಹೇರ್ ಡ್ರೈಯರ್ ಹಿಡಿಯಬೇಕು (ಮಗಳ ಅನುಮತಿ ಪಡೆದು). ನೀರು ಹಾಳೆಯ ಒಳಮೈಯಲ್ಲಿ ಕೂತರೆ ಅದು ಗೋಡೆಯೊಳಗಿಂದ ಬಂದದ್ದು, ಹೊರಮೈಯಲ್ಲಿ ಕೂತರೆ ಗಾಳಿಯಿಂದ ಇಳಿದದ್ದು. ಫಲಿತಾಂಶ ವಿದ್ವತ್ತಿಗೆ ಅನುಕೂಲಕರವಾಗಿಯೇ ಬಂತು. ಗೋಡೆಯ ಹಾಳೆ ಒಳಗೆ ಬೆವೆತಿತ್ತು, ನೆಲದ ಹಾಳೆ ಮೇಲೆ ಬೆವೆತಿತ್ತು. ಅಂದರೆ ರೋಗಿ ಒಬ್ಬ, ರೋಗ ಎರಡು.

ನೆಲದ್ದು ಸುಲಭ. ಮಳೆಗಾಲದ ಗಾಳಿ ಹೊಟ್ಟೆ ತುಂಬ ನೀರು ಕುಡಿದಿರುತ್ತದೆ. ತಣ್ಣಗಿನ ಸಿಮೆಂಟು ನೆಲ ತಾಗಿದ ಕೂಡಲೇ ಕಕ್ಕುತ್ತದೆ. ‘ಗಾಳಿಯಾಡಲಿ’ ಎಂದು ಜಡಿಮಳೆಯಲ್ಲೂ ಕಿಟಕಿ ತೆರೆದಿಟ್ಟಿದ್ದರಿಂದ ಹೊರಗಿನ ನೀರಿಗೆ ಬಾಗಿಲಲ್ಲಿ ನಿಂತು ಸ್ವಾಗತ ಕೋರಿದಂತಾಗಿತ್ತು. ಅದರ ಮೇಲೆ ಒದ್ದೆ ಕಂಬಳಿ, ರೇನ್‌ಕೋಟುಗಳನ್ನು ಒಣಗಲು ಹಾಕಿದ್ದೂ ಅಲ್ಲಿಯೇ. ಮಳೆ ಜೋರಿರುವಾಗ ಕಿಟಕಿ ಮುಚ್ಚಿ, ಹೊಳವಾದಾಗ ತೆರೆದು, ಕಂಬಳಿಗಳನ್ನು ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ ಹತ್ತಿಸಿ, ಚೀಲಗಳನ್ನು ಹಲಗೆಯ ಮೇಲೆ ಗೋಡೆಯಿಂದ ದೂರ ಸರಿಸಿದ ಮೇಲೆ ನೆಲದ ವಾದ ಮುಗಿಯಿತು.

ಹಿಂಗೋಡೆಯದೇ ನಿಜವಾದ ಮೀಮಾಂಸೆ. ಅದು ಗುಡ್ಡದ ಒರತೆಯೋ, ಸೂರಿನ ನೀರೋ? ಒರತೆಯಾದರೆ ಮಳೆ ನಿಂತು ವಾರಗಳು ಕಳೆದರೂ ಜಿನುಗುತ್ತದೆ. ಸೂರಿನದಾದರೆ ಮಳೆಯ ಹಿಂದೆಯೇ ಬಂದು ಮಳೆಯ ಹಿಂದೆಯೇ ಹೋಗುತ್ತದೆ. ಈಶಾನ್ಯ ಮೂಲೆ ಎರಡನೆಯ ಜಾತಿ. ನೇರ ಅದರ ತಲೆಯ ಮೇಲೆ ತಗಡಿನ ದಂಬೆ ಮುರಿದು, ಇಡೀ ಮಾಡಿನ ನೀರು ಧರೆಗೂ ಗೋಡೆಗೂ ನಡುವಿನ ಓಣಿಗೆ ಸುರಿಯುತ್ತಿತ್ತು. ಓಣಿಯ ಇಳಿಜಾರೋ, ಮನೆಯ ಕಡೆಗೇ. ಇಲ್ಲಿ ಗಣಿತ ಆವಶ್ಯಕ. 1,000 ಚದರಡಿ ಮಾಡಿನ ಮೇಲೆ 4 ಇಂಚು ಮಳೆ ಬಿದ್ದರೆ ಸುಮಾರು 9,400 ಲೀಟರ್ ನೀರು. ನಮ್ಮ ಕಡೆ ಆಶ್ಲೇಷಾದಲ್ಲಿ 4 ಇಂಚನ್ನು ಯಾರೂ ಮಳೆ ಎಂದು ವಿಶೇಷವಾಗಿ ಹೇಳುವುದಿಲ್ಲ. ದಂಬೆಯೇ ಕಾರಣ ಎಂಬ ಈ ತೀರ್ಮಾನಕ್ಕೆ ಪ್ರಬಂಧಕಾರನು ಸಂಪೂರ್ಣ ಸ್ವತಂತ್ರವಾಗಿ ಬಂದನು.

ಕಾರಣ ಸಿಕ್ಕಿತೆಂದು ಗುದ್ದಲಿ ಎತ್ತುವುದು ಅವಿದ್ವತ್ತು. ಮೊದಲ ಆಕ್ಷೇಪ ಜಲವಿವಾದದ್ದು. ಬಾಳೂರಿನ ಹನಿ ಹೇಮಾವತಿಗೆ ಸೇರಿ ಗೊರೂರು, ಕೆ.ಆರ್.ಎಸ್. ಹಾದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಕಳಸದ ಕಡೆಯದು ಭದ್ರೆಗೆ, ಅಲ್ಲಿಂದ ಕೃಷ್ಣೆಗೆ. ಚಾರ್ಮಾಡಿ ಘಾಟಿಯ ಆಚೆಯದು ನೇತ್ರಾವತಿಗೆ. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟು ಕಾವೇರಿಯಲ್ಲಿ ಕರ್ನಾಟಕಕ್ಕೆ 284.75 ಟಿಎಂಸಿ ನಿಗದಿ ಮಾಡಿದೆ. ನನ್ನ ಗೋಡೌನಿನಲ್ಲಿ ನಿಂತದ್ದು ಆ ಲೆಕ್ಕದೊಳಗೋ ಹೊರಗೋ? ಬಕೆಟ್ಟಿನಲ್ಲಿ ತುಂಬಿ ಕೊಟ್ಟಿಗೆಹಾರದ ಆಚೆ ಚೆಲ್ಲಿದರೆ ನದಿ ತಿರುವು ಯೋಜನೆ ಆಗುವುದಿಲ್ಲವೇ?

ಎರಡನೆಯ ಆಕ್ಷೇಪ ಆರ್ಥಿಕ. ಕೆಳಗೆ ಕರಾವಳಿಯಲ್ಲಿ ಕಾಫಿ ಬೀಜವನ್ನು ಬೇಕೆಂದೇ ಮಳೆಗಾಲದ ಪಸೆಗೊಡ್ಡಿ, ಉಬ್ಬಿಸಿ, ಬಿಳಿಚಿಸಿ ‘ಮಾನ್ಸೂನ್ಡ್ ಮಲಬಾರ್’ ಎಂದು ಮಾರುತ್ತಾರೆ. ಜಿಐ ಟ್ಯಾಗೂ ಇದೆ. ಘಾಟಿ ಇಳಿದ ಪಸೆಗೆ ವಿದೇಶದಲ್ಲಿ ಬೆಲೆ, ಘಾಟಿಯ ಮೇಲಿನ ಪಸೆಗೆ ವ್ಯಾಪಾರಿಯ ಮೂಗು ಮುರಿತ. ಈ ತಾರತಮ್ಯವನ್ನು ವ್ಯಾಪಾರಿಯ ಮುಂದಿಟ್ಟಾಗ ಆತ ಮೀಟರು ತೋರಿಸಿದ: ರೊಬಸ್ಟಾ ಚೆರ್ರಿಗೆ ತೇವಾಂಶ ಶೇ 11 ದಾಟಕೂಡದು. ಅವರು ಬೀಜವನ್ನು ಹರಡಿ, ಕೈಯಾಡಿಸಿ, ಗಾಳಿಗಿಟ್ಟು ಕಾಯುತ್ತಾರೆ, ನೀವು ಚೀಲ ಕಟ್ಟಿ ಕೊಳೆಸಿದ್ದೀರಿ ಎಂದ. ಬೂಷ್ಟು ಹಿಡಿದ ಕಾಫಿಯಲ್ಲಿ ಓಕ್ರಾಟಾಕ್ಸಿನ್ ಎಂಬ ವಿಷ ಸೇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಇಲ್ಲಿ ಅಣಕಿಗೆ ಜಾಗವಿಲ್ಲ, ಆ ಚೀಲಗಳನ್ನು ಗುಂಡಿಗೆ ಹಾಕಲಾಯಿತು.

ಕೊನೆಗೆ ದಂಬೆ ಹೊಸದಾಯಿತು, ಬಾಯಿಗೆ ಪೈಪು ಜೋಡಿಸಿ ನೀರನ್ನು ಮನೆ ದಾಟಿಸಿದ್ದಾಯಿತು. ಧರೆಯ ಮೇಲೆ ಅಗಳು ತೋಡಿ, ಗೋಡೆಯ ಬುಡದಲ್ಲಿ ಕಲ್ಲು ತುಂಬಿದ ಬಸಿಗಾಲುವೆ ಮಾಡಿ, ಓಣಿಯ ಇಳಿಜಾರನ್ನು ಹೊರಕ್ಕೆ ತಿರುಗಿಸಿದ್ದಾಯಿತು. ಮಖಾ ಮಳೆಗೆ ಈಶಾನ್ಯ ಮೂಲೆ ಒಣಗಿಯೇ ಇತ್ತು. ವಾಸ್ತುವಾದಿಗಳು ವಿಷಾದ ವ್ಯಕ್ತಪಡಿಸಿದ್ದಾರೆ.

ಅದೇ ವಾರ ಕೆಳಮನೆಯವರು ಕೊಡೆ ಹಿಡಿದು ಬಂದರು. ‘ಮಾರಾಯ್ರೇ, ನಮ್ಮ ಸೌದೆ ಕೊಟ್ಟಿಗೆಯಲ್ಲಿ ಇದ್ದಕ್ಕಿದ್ದ ಹಾಗೆ ಜಲ ಎದ್ದಿದೆ, ಬಂದು ನೋಡ್ತೀರಾ?’ ವಿಷಯ ಹೊಸದು, ಕ್ಷೇತ್ರ ವಿಶಾಲ. ಅವರಿಗೆ ಮಾರ್ಗದರ್ಶಕನಾಗಲು ಒಪ್ಪಿದ್ದೇನೆ. ಪ್ಲಾಸ್ಟಿಕ್ ಹಾಳೆ ನನ್ನದೇ ಕೊಟ್ಟಿದ್ದೇನೆ, ಟೇಪು ಮಾತ್ರ ಅವರೇ ತಂದುಕೊಳ್ಳಬೇಕು.